ವಿದ್ಯಾರ್ಥಿ ಚಲನಚಿತ್ರ ಸಂಘ: ಚಿತ್ರಗಳನ್ನು ಮುಗಿಸುವ ತಂಡ ಕಟ್ಟುವ ಬಗೆ

ವಿಶ್ವವಿದ್ಯಾಲಯದಲ್ಲಿ ಚಲನಚಿತ್ರ ಸಂಘವನ್ನು ಆರಂಭಿಸುವುದು ಅಷ್ಟೇನೂ ಕಷ್ಟವಲ್ಲ. ಕ್ಯಾಮೆರಾ ಹಿಡಿಯಬೇಕು, ಕಥೆ ಹೇಳಬೇಕು, ನಟಿಸಬೇಕು ಎಂಬ ಆಸೆಯುಳ್ಳವರು ಪ್ರತಿಯೊಂದು ವಿಭಾಗದಲ್ಲಿಯೂ ಇರುತ್ತಾರೆ. ಮೊದಲ ಸಭೆಗೆ ಕೊಠಡಿ ತುಂಬುವಷ್ಟು ಜನ ಬರುತ್ತಾರೆ. ಕಷ್ಟ ಎದುರಾಗುವುದು ಅನಂತರ. ಪರೀಕ್ಷೆಗಳು ಹತ್ತಿರವಾಗುವ ಹೊತ್ತಿಗೆ ಅರ್ಧಕ್ಕೆ ನಿಂತ ಚಿತ್ರಗಳು, ಯಾರ ಬಳಿ ಇದೆಯೆಂದು ಯಾರಿಗೂ ತಿಳಿಯದ ಹಾರ್ಡ್ ಡಿಸ್ಕ್, ಮತ್ತೆ ಕರೆದರೆ ಬರಲೊಪ್ಪದ ನಟರು ಇಷ್ಟೇ ಉಳಿದರೆ ಮರುವರ್ಷ ಸಂಘಕ್ಕೆ ಸೇರಲು ಯಾರಿಗೂ ಉತ್ಸಾಹ ಇರುವುದಿಲ್ಲ. ಆದ್ದರಿಂದ ಸಂಘದ ಆರೋಗ್ಯವನ್ನು ಅಳೆಯಲು ಸದಸ್ಯರ ಸಂಖ್ಯೆಯನ್ನಾಗಲಿ ಉಪಕರಣಗಳ ಬೆಲೆಯನ್ನಾಗಲಿ ನೋಡದೆ, ಒಂದು ಶೈಕ್ಷಣಿಕ ಅವಧಿಯಲ್ಲಿ ಎಷ್ಟು ಚಿತ್ರಗಳು ಪೂರ್ಣಗೊಂಡು ಪ್ರೇಕ್ಷಕರ ಮುಂದೆ ಬಂದವು ಎಂಬುದನ್ನು ನೋಡಬೇಕು. ಮುಂದೆ ಹೇಳಿರುವ ವ್ಯವಸ್ಥೆಗಳೆಲ್ಲವೂ ಈ ಒಂದು ಗುರಿಗೆ ಹೊಂದಿಕೊಂಡಿವೆ.

ಪ್ರದರ್ಶನದ ದಿನ ಮೊದಲು, ಕಥೆ ಆಮೇಲೆ

ಅವಧಿಯ ಮೊದಲ ವಾರದಲ್ಲಿಯೇ, ಇನ್ನೂ ಒಂದು ಚಿತ್ರಕಥೆಯೂ ಕೈಯಲ್ಲಿಲ್ಲದಿರುವಾಗಲೇ, ಅವಧಿಯ ಕೊನೆಯ ಪ್ರದರ್ಶನಕ್ಕೆ ಸಭಾಂಗಣವನ್ನು ಕಾಯ್ದಿರಿಸಬೇಕು ಮತ್ತು ಆ ದಿನಾಂಕವನ್ನು ಎಲ್ಲರಿಗೂ ತಿಳಿಯುವಂತೆ ಪ್ರಕಟಿಸಬೇಕು. ಗಡುವಿಲ್ಲದ ವಿದ್ಯಾರ್ಥಿ ಚಿತ್ರ ತಾನಾಗಿಯೇ ಮುಗಿಯುವುದು ಅಪರೂಪ. ಸ್ನೇಹಿತರೂ ಅಧ್ಯಾಪಕರೂ ಬಂದು ಕುಳಿತುಕೊಳ್ಳುವ ದಿನ ಗೊತ್ತಾಗಿದ್ದರೆ ಮಾತ್ರ ನಿರ್ದೇಶಕರು ಇನ್ನೊಂದು ದೃಶ್ಯವನ್ನು ಸೇರಿಸುವ ಆಸೆಯನ್ನು ಬಿಟ್ಟು ಇರುವುದನ್ನು ಸರಿಪಡಿಸುವ ಕಡೆಗೆ ಗಮನ ಕೊಡುತ್ತಾರೆ. ಆ ದಿನದಿಂದ ಹಿಂದಕ್ಕೆ ಎಣಿಸುತ್ತ ಬಂದು ಧ್ವನಿ ಮತ್ತು ಬಣ್ಣದ ಕೆಲಸಕ್ಕೆ ಎರಡು ವಾರ, ಸಂಕಲನಕ್ಕೆ ಮೂರು ವಾರ, ಚಿತ್ರೀಕರಣಕ್ಕೆ ಎರಡು ವಾರಾಂತ್ಯ, ಸಿದ್ಧತೆಗೆ ಮೂರು ವಾರ ಎಂದು ಗುರುತು ಹಾಕಿದರೆ, ಚಿತ್ರಕಥೆಯನ್ನು ಯಾವಾಗ ಅಂತಿಮಗೊಳಿಸಬೇಕೆಂಬುದು ತಾನಾಗಿಯೇ ತಿಳಿಯುತ್ತದೆ.

ಇದರ ಜೊತೆಗೆ ಸಂಘಕ್ಕೆ ವಿಶ್ವವಿದ್ಯಾಲಯದ ಮಾನ್ಯತೆ, ಒಬ್ಬ ಮಾರ್ಗದರ್ಶಿ ಅಧ್ಯಾಪಕರು ಮತ್ತು ಎರಡು ಪುಟ ಮೀರದ ನಿಯಮಾವಳಿ ಬೇಕು. ಅಧ್ಯಕ್ಷರು ಮತ್ತು ಖಜಾಂಚಿಯಷ್ಟೇ ಮುಖ್ಯವಾದ ಇನ್ನೆರಡು ಹುದ್ದೆಗಳಿವೆ: ಉಪಕರಣಗಳ ಹೊಣೆ ಹೊರುವವರು, ಮತ್ತು ಎಲ್ಲ ಚಿತ್ರಗಳ ವೇಳಾಪಟ್ಟಿಯನ್ನು ನೋಡಿಕೊಳ್ಳುವ ನಿರ್ಮಾಣ ಸಂಯೋಜಕರು. ನಿಯಮಾವಳಿಯಲ್ಲಿ ತಪ್ಪದೆ ಇರಬೇಕಾದ ಒಂದು ಅಂಶವೆಂದರೆ ಚಿತ್ರದ ಹಕ್ಕು ಯಾರದು ಎಂಬುದು. ಬರೆದವರದೇ, ನಿರ್ದೇಶಿಸಿದವರದೇ, ಸಂಘದ್ದೇ, ವಿಶ್ವವಿದ್ಯಾಲಯದ್ದೇ ಎಂಬ ಪ್ರಶ್ನೆ ಚಿತ್ರಕ್ಕೆ ಬಹುಮಾನ ಬಂದ ಮೇಲೆ ಎದ್ದರೆ ಸ್ನೇಹಗಳು ಮುರಿಯುತ್ತವೆ. ಚಿತ್ರೀಕರಣಕ್ಕೆ ಮೊದಲೇ ಬರವಣಿಗೆಯಲ್ಲಿ ಇತ್ಯರ್ಥಪಡಿಸಿಕೊಂಡರೆ ಅರ್ಧ ಗಂಟೆಯ ಕೆಲಸ.

ಹೊಸಬರಿಗೆ ಮೊದಲ ಚಿತ್ರ

ಹೊಸದಾಗಿ ಸೇರಿದವರನ್ನು ವಾರಗಟ್ಟಲೆ ಉಪನ್ಯಾಸಗಳಿಗೆ ಕೂರಿಸುವುದು ಅವರನ್ನು ಕಳೆದುಕೊಳ್ಳುವ ದಾರಿ. ಐದೈದು ಜನರ ಗುಂಪು ಮಾಡಿ, ಒಂದೇ ಸ್ಥಳ, ಇಬ್ಬರು ನಟರು, ಮಾತಿಲ್ಲ, ಮೂರು ನಿಮಿಷದೊಳಗೆ ಮುಗಿಯಬೇಕು, ಹತ್ತು ಶಾಟ್ (ಕ್ಯಾಮೆರಾ ನಿಲ್ಲಿಸದೆ ತೆಗೆದ ತುಣುಕು) ಮೀರಬಾರದು ಎಂಬ ಮಿತಿಗಳನ್ನು ಹಾಕಿ, ಎರಡು ವಾರದಲ್ಲಿ ಒಂದು ಚಿತ್ರವನ್ನು ಪೂರ್ತಿ ಮಾಡಿ ತೋರಿಸುವಂತೆ ಹೇಳಬೇಕು. ಚಿತ್ರ ಚೆನ್ನಾಗಿರಬೇಕೆಂಬ ಒತ್ತಾಯ ಬೇಡ. ಬರವಣಿಗೆಯಿಂದ ಪ್ರದರ್ಶನದವರೆಗಿನ ಇಡೀ ದಾರಿಯನ್ನು ಒಮ್ಮೆ ನಡೆದಿರುವುದೇ ಇಲ್ಲಿ ಮುಖ್ಯ. ಎರಡನೆಯ ಚಿತ್ರದಲ್ಲಿ ಹೊಣೆಗಳು ಬದಲಾಗಬೇಕು: ಕ್ಯಾಮೆರಾ ಹಿಡಿದವರು ಧ್ವನಿಗೆ, ನಿರ್ದೇಶಿಸಿದವರು ಸಂಕಲನಕ್ಕೆ. ನಿರ್ದೇಶನವೊಂದನ್ನೇ ಬಯಸಿ ಬರುವವರು ಬಹಳ. ಬೇರೆಯವರ ಚಿತ್ರಗಳಲ್ಲಿ ಕನಿಷ್ಠ ಎರಡು ಬೇರೆ ಕೆಲಸಗಳನ್ನು ಮಾಡಿದವರಿಗೆ ಮಾತ್ರ ಸಂಘದ ಹಣದಲ್ಲಿ ನಿರ್ದೇಶಿಸುವ ಅವಕಾಶ ಎಂಬ ನಿಯಮ ಕಟುವಾಗಿ ಕಂಡರೂ ನ್ಯಾಯವಾದದ್ದು. ಒಂದು ಇಡೀ ದಿನ ಬೂಮ್ (ತುದಿಗೆ ಮೈಕ್ ಕಟ್ಟಿದ ಉದ್ದನೆಯ ಕೋಲು) ಹಿಡಿದು ನಿಂತವರು ತಾವು ನಿರ್ದೇಶಿಸುವಾಗ ಧ್ವನಿಯವರ ಮಾತನ್ನು ಕಡೆಗಣಿಸುವುದಿಲ್ಲ.

ಚಿತ್ರಕಥೆಯ ಆಯ್ಕೆಯನ್ನು ಅಧ್ಯಕ್ಷರೊಬ್ಬರೇ ಮಾಡದೆ, ಎಲ್ಲರೂ ಕುಳಿತು ಗಟ್ಟಿಯಾಗಿ ಓದಿ, ಲೇಖಕರ ಹೆಸರು ಮರೆಮಾಡಿ ಆರಿಸುವುದು ಒಳ್ಳೆಯದು. ಸಾಮಾನ್ಯ ವಿನ್ಯಾಸದಲ್ಲಿ ಬರೆದ ಚಿತ್ರಕಥೆಯ ಒಂದು ಪುಟ ತೆರೆಯ ಮೇಲೆ ಸುಮಾರು ಒಂದು ನಿಮಿಷ ಎಂಬ ರೂಢಿಯ ಲೆಕ್ಕ ಇಲ್ಲಿ ನೆರವಾಗುತ್ತದೆ. ಅನುಭವ ಕಡಿಮೆಯಿರುವ ತಂಡ ದಿನಕ್ಕೆ ಎರಡು ಮೂರು ಪುಟಗಳಿಗಿಂತ ಹೆಚ್ಚು ಚಿತ್ರೀಕರಿಸುತ್ತೇನೆಂದು ಹೊರಡಬಾರದು. ಹಾಗಾಗಿ ಎರಡು ದಿನ ಸಿಗುವ ತಂಡಕ್ಕೆ ಐದು ಪುಟಗಳ ಕಥೆ ಸರಿಯಾದ ಅಳತೆ. ಆಸ್ಕರ್ ಪ್ರಶಸ್ತಿಯ ನಿಯಮದಲ್ಲಿ ಹೆಸರುಪಟ್ಟಿಯೂ ಸೇರಿ 40 ನಿಮಿಷದವರೆಗಿನದು ಕಿರುಚಿತ್ರವೇ; ಆದರೆ ಹಲವು ಚಿತ್ರಗಳನ್ನು ಒಟ್ಟಿಗೆ ತೋರಿಸುವ ಚಿತ್ರೋತ್ಸವಗಳಲ್ಲಿ ಎಂಟು ಹತ್ತು ನಿಮಿಷದ ಚಿತ್ರಕ್ಕೆ ಜಾಗ ಹೊಂದಿಸುವುದು ಹೆಚ್ಚು ಸುಲಭ.

ಚಿತ್ರೀಕರಣದ ದಿನ

ಸಹಾಯಕ ನಿರ್ದೇಶಕರಿಲ್ಲದೆ ಚಿತ್ರೀಕರಣಕ್ಕೆ ಹೊರಡಬಾರದು. ನಿರ್ದೇಶಕರ ಗಮನ ನಟನೆಯ ಮೇಲಿರುವಾಗ ಗಡಿಯಾರದ ಮೇಲೆ ಗಮನವಿಡುವವರು ಇವರೇ. ಸಮಯ ಮೀರುತ್ತಿದ್ದರೆ ಯಾವ ಶಾಟ್ ಬಿಡಬಹುದೆಂದು ಕೇಳುವ ಅಧಿಕಾರ ಇವರಿಗೆ ಇರಬೇಕು. ಹಿಂದಿನ ದಿನ ಸಂಜೆಯೊಳಗೆ ಪ್ರತಿಯೊಬ್ಬರಿಗೂ ಕಾಲ್ ಶೀಟ್ ತಲುಪಬೇಕು. ಯಾರು ಎಷ್ಟು ಹೊತ್ತಿಗೆ ಎಲ್ಲಿಗೆ ಬರಬೇಕು, ಯಾವ ದೃಶ್ಯ ಯಾವ ಕ್ರಮದಲ್ಲಿ, ಊಟ ಯಾವಾಗ, ಹತ್ತಿರದ ಆಸ್ಪತ್ರೆ ಯಾವುದು, ತೊಂದರೆಯಾದರೆ ಯಾರಿಗೆ ಫೋನ್ ಮಾಡಬೇಕು ಎಂಬುದೆಲ್ಲ ಅದರ ಒಂದೇ ಪುಟದಲ್ಲಿ ಇರಬೇಕು. ಸಂಬಳವಿಲ್ಲದೆ ದುಡಿಯುವವರನ್ನು ದಿನಕ್ಕೆ ಹನ್ನೆರಡು ಗಂಟೆಗಿಂತ ಹೆಚ್ಚು ನಿಲ್ಲಿಸಿಕೊಳ್ಳುವುದು ಸರಿಯಲ್ಲ. ಹೊತ್ತಿಗೆ ಸರಿಯಾಗಿ ಊಟ ಹಾಕದ ನಿರ್ದೇಶಕರಿಗೆ ಎರಡನೆಯ ದಿನ ತಂಡ ಸಿಗುವುದಿಲ್ಲ. ರಾತ್ರಿ ಚಿತ್ರೀಕರಣವಿದ್ದರೆ ಎಲ್ಲರೂ ಮನೆ ಅಥವಾ ಹಾಸ್ಟೆಲ್ ತಲುಪುವ ವ್ಯವಸ್ಥೆಯನ್ನೂ ಯೋಜನೆಯಲ್ಲಿಯೇ ಸೇರಿಸಬೇಕು.

ಅನುಮತಿಯ ವಿಷಯದಲ್ಲಿ ಸಲಿಗೆ ಬೇಡ. ಸ್ಥಳದ ಒಡೆಯರ ಲಿಖಿತ ಒಪ್ಪಿಗೆ, ತೆರೆಯ ಮೇಲೆ ಕಾಣುವ ಪ್ರತಿಯೊಬ್ಬರ ಸಹಿಯುಳ್ಳ ಒಪ್ಪಿಗೆ ಪತ್ರ, ಅಪ್ರಾಪ್ತರಿದ್ದರೆ ಪೋಷಕರ ಸಹಿ, ಇವಿಷ್ಟೂ ಚಿತ್ರೀಕರಣದ ದಿನವೇ ಕಡತ ಸೇರಬೇಕು. ತಿಂಗಳುಗಳ ನಂತರ ಚಿತ್ರೋತ್ಸವದವರು ಕೇಳಿದಾಗ ಆ ನಟರು ಬೇರೆ ಊರಿಗೆ ಹೋಗಿರುತ್ತಾರೆ. ನಕಲಿ ಆಯುಧವಿರುವ ದೃಶ್ಯವಾದರೆ ಆವರಣದ ಭದ್ರತಾ ಸಿಬ್ಬಂದಿಗೆ ಮೊದಲೇ ತಿಳಿಸದೆ ಅದನ್ನು ಚೀಲದಿಂದ ಹೊರತೆಗೆಯಲೇಬಾರದು. ಓಡುವ ವಾಹನ, ಎತ್ತರ, ನೀರು, ಬೆಂಕಿ ಇರುವ ದೃಶ್ಯಗಳನ್ನು ಕಥೆಯಲ್ಲಿಯೇ ಬದಲಾಯಿಸುವಂತೆ ಕೇಳುವುದು ಸಂಘದ ಕರ್ತವ್ಯ.

ತಾಂತ್ರಿಕ ಸಂಗತಿಗಳಲ್ಲಿ ಮೊದಲ ಮರ್ಯಾದೆ ಧ್ವನಿಗೆ ಸಲ್ಲಬೇಕು. ಸ್ವಲ್ಪ ಮಂಕಾದ ಚಿತ್ರವನ್ನು ಪ್ರೇಕ್ಷಕರು ಸಹಿಸುತ್ತಾರೆ. ಕೇಳಿಸದ ಮಾತನ್ನು ಸಹಿಸುವುದಿಲ್ಲ. ಹಣ ಕಡಿಮೆಯಿದ್ದರೆ ಹೊಸ ಕ್ಯಾಮೆರಾದ ಯೋಚನೆಯನ್ನು ಬಿಟ್ಟು ಒಂದು ಒಳ್ಳೆಯ ಶಾಟ್‌ಗನ್ ಮೈಕ್ (ಮುಖ್ಯವಾಗಿ ಎದುರಿನ ಸದ್ದನ್ನು ಹಿಡಿಯುವ ಉದ್ದನೆಯ ಮೈಕ್), ಬೂಮ್ ಕೋಲು, ರೆಕಾರ್ಡರ್ ಮತ್ತು ಕಿವಿ ಮುಚ್ಚುವ ಹೆಡ್‌ಫೋನ್ ಕೊಳ್ಳಬೇಕು. ಧ್ವನಿಯವರು ಸ್ಥಳಕ್ಕೆ ಬಂದ ಕೂಡಲೇ ಫ್ಯಾನ್, ಫ್ರಿಜ್ ಮತ್ತು ಎ.ಸಿ.ಗಳನ್ನು ಆರಿಸಿ, ರೆಕಾರ್ಡರನ್ನು 48 ಕಿಲೋಹರ್ಟ್ಸ್, 24 ಬಿಟ್ ಗುಣಮಟ್ಟಕ್ಕೆ ಇಟ್ಟು, ಮಾತಿನ ಜೋರಾದ ಭಾಗಗಳು ಅದರ ಮೀಟರಿನಲ್ಲಿ ಮೈನಸ್ 12 ಡೆಸಿಬೆಲ್ ಆಸುಪಾಸಿನಲ್ಲಿ ನಿಲ್ಲುವಂತೆ ಮಟ್ಟ ಹೊಂದಿಸುತ್ತಾರೆ. ಮೈಕ್ ಎಷ್ಟು ದುಬಾರಿಯದು ಎಂಬುದಕ್ಕಿಂತ ನಟರ ಬಾಯಿಗೆ ಎಷ್ಟು ಹತ್ತಿರವಿದೆ ಎಂಬುದು ಹೆಚ್ಚು ಮುಖ್ಯ. ಕ್ಯಾಮೆರಾದ ಚೌಕಟ್ಟಿನ ಅಂಚಿಗೆ ತಾಗುವವರೆಗೆ ಮೈಕನ್ನು ಇಳಿಸಿ, ಅಲ್ಲಿಂದ ಒಂದು ಗೇಣು ಮೇಲಕ್ಕೆತ್ತುವುದು ಒಳ್ಳೆಯ ಅಭ್ಯಾಸ. ಧ್ವನಿಯನ್ನೂ ದೃಶ್ಯವನ್ನೂ ಆಮೇಲೆ ಹೊಂದಿಸಲು ಪ್ರತಿ ಟೇಕಿಗೂ ಕ್ಲಾಪ್ ಹೊಡೆಯಬೇಕು. ದೃಶ್ಯ ಮುಗಿದ ಮೇಲೆ, ಎಲ್ಲರೂ ಸಾಮಾನು ಕಟ್ಟಲು ಆತುರಪಡುವ ಆ ಹೊತ್ತಿನಲ್ಲಿಯೇ, ತಂಡವನ್ನು ಇದ್ದಲ್ಲಿಯೇ ನಿಲ್ಲಿಸಿ ಅರ್ಧ ನಿಮಿಷ ಆ ಕೋಣೆಯ ಮೌನವನ್ನು ಮುದ್ರಿಸಿಕೊಳ್ಳಬೇಕು. ಸಂಕಲನದಲ್ಲಿ ಎರಡು ಮಾತುಗಳ ನಡುವಿನ ಜಾಗವನ್ನು ತುಂಬುವುದು ಈ ಮೌನವೇ.

ಕ್ಯಾಮೆರಾದ ವಿಷಯದಲ್ಲಿ ಹೊಸಬರು ಪದೇ ಪದೇ ಎಡವುವ ಒಂದು ಕಡೆಯಿದೆ. ವಿದ್ಯುತ್ ಪೂರೈಕೆ 50 ಹರ್ಟ್ಸ್ ಇರುವ ಪ್ರದೇಶಗಳಲ್ಲಿ ಟ್ಯೂಬ್‌ಲೈಟ್ ಅಥವಾ ಅಗ್ಗದ ಎಲ್‌ಇಡಿ ಬೆಳಕಿನಡಿ ಷಟರ್ ವೇಗವನ್ನು (ಪ್ರತಿ ಫ್ರೇಮಿಗೆ ಬೆಳಕು ಬೀಳುವ ಅವಧಿ) 1/50 ಸೆಕೆಂಡಿಗೆ, 60 ಹರ್ಟ್ಸ್ ಇರುವ ಕಡೆ 1/60 ಸೆಕೆಂಡಿಗೆ ಇಡದಿದ್ದರೆ ದೃಶ್ಯದಲ್ಲಿ ಮಿನುಗು ಅಥವಾ ಚಲಿಸುವ ಪಟ್ಟೆಗಳು ಕಾಣಿಸಿಕೊಳ್ಳಬಹುದು. ಕ್ಯಾಮೆರಾದ ಪುಟ್ಟ ಪರದೆಯಲ್ಲಿ ಇದು ಗೊತ್ತಾಗದೆ ಸಂಕಲನದ ಮೇಜಿನ ಮೇಲೆ ಗೊತ್ತಾಗುತ್ತದೆ. ಎಕ್ಸ್‌ಪೋಷರ್ (ಬೆಳಕಿನ ಪ್ರಮಾಣ), ವೈಟ್ ಬ್ಯಾಲೆನ್ಸ್ (ಬೆಳಕಿಗೆ ತಕ್ಕ ಬಣ್ಣದ ಹೊಂದಾಣಿಕೆ), ಫೋಕಸ್ ಮೂರನ್ನೂ ಕೈಯಾರೆ ಹೊಂದಿಸಲು ಬರುವ ಯಾವ ಕ್ಯಾಮೆರಾ ಆದರೂ, ಫೋನ್ ಆದರೂ, ಮೊದಲ ಕೆಲವು ಚಿತ್ರಗಳಿಗೆ ಸಾಕು.

ಉಪಕರಣ ಮತ್ತು ದತ್ತಾಂಶ

ಉಪಕರಣದ ಕೊಠಡಿಗೆ ಒಂದು ದಾಖಲೆ ಪುಸ್ತಕ, ಪ್ರತಿ ವಸ್ತುವಿನ ಮೇಲೆ ಒಂದು ಸಂಖ್ಯೆ, ಕೊಡುವಾಗಲೂ ಹಿಂದಿರುಗಿಸುವಾಗಲೂ ಇಬ್ಬರ ಸಹಿ: ಇಷ್ಟು ಮಾಡಿದರೆ ಕಳವು ಮತ್ತು ಜಗಳ ಎರಡೂ ಬಹುಮಟ್ಟಿಗೆ ತಪ್ಪುತ್ತವೆ. ಹಿಂದಿರುಗಿಸುವಾಗ ಚೀಲವನ್ನು ಹಾಗೆಯೇ ಕಪಾಟಿಗೆ ಸೇರಿಸಬಾರದು. ಮೇಜಿನ ಮೇಲೆ ಎಲ್ಲವನ್ನೂ ಬಿಚ್ಚಿಟ್ಟು, ಲೆನ್ಸನ್ನು ಬೆಳಕಿಗೆ ಹಿಡಿದು ಗೀರು ನೋಡಿ, ಕ್ಯಾಮೆರಾವನ್ನು ಕೂರಿಸುವ ಟ್ರೈಪಾಡಿನ ತಟ್ಟೆ ಅದರಲ್ಲಿಯೇ ಇದೆಯೇ ಎಂದು ಖಚಿತಪಡಿಸಿಕೊಂಡು, ಮೈಕಿನ ಕೇಬಲನ್ನು ಜೋಡಿಸಿ ಅಲುಗಾಡಿಸುತ್ತ ಕರಕರ ಸದ್ದು ಬರುತ್ತದೆಯೇ ಎಂದು ಕೇಳಿ, ಬ್ಯಾಟರಿಗಳನ್ನು ಚಾರ್ಜಿಗೆ ಹಾಕಬೇಕು. ಟ್ರೈಪಾಡಿನ ಆ ಪುಟ್ಟ ತಟ್ಟೆಯೊಂದು ಯಾರದೋ ಕ್ಯಾಮೆರಾದ ಬುಡದಲ್ಲಿ ಉಳಿದುಹೋದರೆ ಮರುದಿನದ ತಂಡಕ್ಕೆ ಇಡೀ ಟ್ರೈಪಾಡ್ ನಿರುಪಯೋಗಿ. ದೀರ್ಘ ರಜೆಗೆ ಮೊದಲು ಲಿಥಿಯಂ ಬ್ಯಾಟರಿಗಳನ್ನು ಪೂರ್ತಿ ತುಂಬದೆ, ಪೂರ್ತಿ ಬರಿದೂ ಮಾಡದೆ, ಅರ್ಧದಷ್ಟು ಚಾರ್ಜಿನಲ್ಲಿ ತಂಪಾದ ಜಾಗದಲ್ಲಿ ಇಡಬೇಕು.

ದತ್ತಾಂಶದ ಹೊಣೆ ಪ್ರತಿ ಚಿತ್ರೀಕರಣದಲ್ಲಿಯೂ ಒಬ್ಬರೇ ನಿರ್ದಿಷ್ಟ ವ್ಯಕ್ತಿಯದಾಗಿರಬೇಕು. ಸೆಕೆಂಡಿಗೆ 100 ಮೆಗಾಬಿಟ್ ವೇಗದಲ್ಲಿ ಮುದ್ರಿಸುವ ಕ್ಯಾಮೆರಾ ಗಂಟೆಗೆ ಸುಮಾರು 45 ಜಿಬಿ ತುಂಬಿಸುತ್ತದೆ. ಎಷ್ಟು ಕಾರ್ಡ್, ಎಷ್ಟು ಡಿಸ್ಕ್ ಬೇಕೆಂಬುದನ್ನು ಈ ಲೆಕ್ಕದಿಂದಲೇ ತೀರ್ಮಾನಿಸಬಹುದು. ಎರಡು ಬೇರೆ ಡಿಸ್ಕುಗಳಿಗೆ ಪ್ರತಿ ಮಾಡಿ, ಕಡತಗಳನ್ನು ತೆರೆದು ನೋಡಿದ ಮೇಲೆಯೇ ಕಾರ್ಡನ್ನು ಫಾರ್ಮ್ಯಾಟ್ ಮಾಡಬೇಕು, ಅದನ್ನೂ ಕ್ಯಾಮೆರಾದಲ್ಲಿಯೇ ಮಾಡಬೇಕು. ಎರಡು ಡಿಸ್ಕುಗಳೂ ಒಂದೇ ಚೀಲದಲ್ಲಿ ಮನೆಗೆ ಹೋಗಬಾರದು. ಮೂರನೆಯ ಪ್ರತಿ ಬೇರೊಂದು ಜಾಗದಲ್ಲಿ ಅಥವಾ ಕ್ಲೌಡ್‌ನಲ್ಲಿ ಇದ್ದರೆ ಇನ್ನೂ ನಿಶ್ಚಿಂತೆ. ವಿಂಡೋಸ್ ಮತ್ತು ಮ್ಯಾಕ್ ಎರಡೂ ಬಳಸುವ ತಂಡಗಳಿಗೆ ಡಿಸ್ಕನ್ನು ಎರಡರಲ್ಲಿಯೂ ಓದಲು ಬರೆಯಲು ಬರುವ ಎಕ್ಸ್‌ಫ್ಯಾಟ್ ಮಾದರಿಯಲ್ಲಿ ಫಾರ್ಮ್ಯಾಟ್ ಮಾಡುವುದು ಅನುಕೂಲ, ಏಕೆಂದರೆ ಹಳೆಯ ಫ್ಯಾಟ್32 ಮಾದರಿ 4 ಜಿಬಿಗಿಂತ ದೊಡ್ಡ ಕಡತವನ್ನು ಸ್ವೀಕರಿಸುವುದಿಲ್ಲ.

ಚಿತ್ರಗಳು ನಿಲ್ಲುವ ಜಾಗ

ವಿದ್ಯಾರ್ಥಿ ಚಿತ್ರಗಳು ನಿಂತುಹೋಗುವುದು ಹೆಚ್ಚಾಗಿ ಸಂಕಲನದಲ್ಲಿ. ಚಿತ್ರೀಕರಣಕ್ಕೆ ಹದಿನೈದು ಜನ ಬಂದಿರುತ್ತಾರೆ, ಸಂಕಲನಕ್ಕೆ ಒಬ್ಬರೇ ಉಳಿಯುತ್ತಾರೆ, ಅವರಿಗೂ ಪರೀಕ್ಷೆ ಇರುತ್ತದೆ. ಇದಕ್ಕೆ ಪರಿಹಾರವೆಂದರೆ ಸಂಕಲನಕಾರರನ್ನು ಚಿತ್ರೀಕರಣಕ್ಕೆ ಮೊದಲೇ ಗೊತ್ತುಮಾಡಿ ಶಾಟ್ ವಿಂಗಡಣೆಯ ಚರ್ಚೆಯಲ್ಲಿ ಕೂರಿಸುವುದು, ಮತ್ತು ಚಿತ್ರೀಕರಣ ಮುಗಿದ ಹತ್ತು ದಿನದೊಳಗೆ ಎಷ್ಟೇ ಒರಟಾಗಿದ್ದರೂ ಮೊದಲ ಜೋಡಣೆಯನ್ನು ಸಂಘದ ಮುಂದೆ ತೋರಿಸಲೇಬೇಕೆಂಬ ನಿಯಮ. ಆ ಸಭೆಯಲ್ಲಿ ಸಲಹೆ ಕೊಡುವ ಮೊದಲು ಪ್ರೇಕ್ಷಕರು ತಮಗೆ ಏನು ಅರ್ಥವಾಯಿತು, ಎಲ್ಲಿ ಗಮನ ಚದುರಿತು ಎಂಬುದನ್ನಷ್ಟೇ ಹೇಳಲಿ; ಹೇಗೆ ಸರಿಪಡಿಸಬೇಕೆಂಬುದು ಚಿತ್ರ ಮಾಡಿದವರ ಕೆಲಸ. ಶಕ್ತಿ ಕಡಿಮೆಯಿರುವ ಕಂಪ್ಯೂಟರಿನಲ್ಲಿ ಕಡಿಮೆ ರೆಸಲ್ಯೂಶನ್ನಿನ ಪ್ರಾಕ್ಸಿ ಕಡತಗಳನ್ನು ಇಟ್ಟುಕೊಂಡು ಕೆಲಸ ಮಾಡಬಹುದು. ಡಾವಿಂಚಿ ರಿಸಾಲ್ವ್ ಎಂಬ ಸಂಕಲನ ತಂತ್ರಾಂಶದ ಉಚಿತ ಆವೃತ್ತಿ ಸಂಕಲನ, ಬಣ್ಣ, ಧ್ವನಿ ಮೂರಕ್ಕೂ ಸಾಲುತ್ತದೆ. ಒಂದು ದಿನಾಂಕದಂದು ಚಿತ್ರದ ಜೋಡಣೆಯನ್ನು ಅಂತಿಮವೆಂದು ಘೋಷಿಸಿ, ಅದಾದ ಮೇಲೆ ಒಂದು ಫ್ರೇಮ್ ಕೂಡ ಬದಲಿಸದೆ ಧ್ವನಿ ಮತ್ತು ಬಣ್ಣಕ್ಕೆ ಕಳಿಸಬೇಕು.

ಸಂಗೀತದ ಬಗ್ಗೆ ಒಂದು ಎಚ್ಚರಿಕೆ ಅಗತ್ಯ. ಇಷ್ಟವಾದ ಸಿನಿಮಾ ಹಾಡನ್ನು ಅನುಮತಿಯಿಲ್ಲದೆ ಹಾಕಿದ ಚಿತ್ರವನ್ನು ಚಿತ್ರೋತ್ಸವಕ್ಕೆ ಕಳಿಸಲಾಗುವುದಿಲ್ಲ, ಯೂಟ್ಯೂಬಿನಲ್ಲಿಯೂ ತಡೆ ಬೀಳಬಹುದು. ಕ್ರಿಯೇಟಿವ್ ಕಾಮನ್ಸ್ ಪರವಾನಗಿಯ (ಕೆಲವು ಷರತ್ತುಗಳೊಡನೆ ಎಲ್ಲರಿಗೂ ಬಳಸಲು ಬಿಟ್ಟ) ಸಂಗೀತವನ್ನು ಬಳಸುವಾಗಲೂ ಷರತ್ತುಗಳನ್ನು ಓದಬೇಕು: ಮಾರ್ಪಾಡು ಮಾಡಬಾರದೆಂಬ ಷರತ್ತಿರುವ ಸಂಗೀತವನ್ನು ದೃಶ್ಯಕ್ಕೆ ಹೊಂದಿಸುವುದಕ್ಕೂ ಅನುಮತಿಯಿಲ್ಲ. ಸಂಗೀತ ಕಲಿಯುವ ಸಹಪಾಠಿಗಳನ್ನು ಹುಡುಕಿ ಹೊಸದಾಗಿ ಮಾಡಿಸಿಕೊಂಡರೆ ಈ ತೊಡಕಿಲ್ಲ, ಸಂಘಕ್ಕೂ ಹೊಸ ಸದಸ್ಯರು ಸಿಗುತ್ತಾರೆ. ಸಂಘವು ಬೇರೆಯವರ ಚಿತ್ರಗಳನ್ನು ಸಭಾಂಗಣದಲ್ಲಿ ತೋರಿಸಲು ಬಯಸಿದರೆ ಅದಕ್ಕೂ ಸಾರ್ವಜನಿಕ ಪ್ರದರ್ಶನದ ಅನುಮತಿ ಬೇಕು; ಮನೆಯಲ್ಲಿ ನೋಡಲು ಕೊಂಡ ಸ್ಟ್ರೀಮಿಂಗ್ ಚಂದಾ ಸಾಲುವುದಿಲ್ಲ.

ಹಸ್ತಾಂತರ

ಸದಸ್ಯರು ಮೂರು ನಾಲ್ಕು ವರ್ಷಗಳಲ್ಲಿ ಪದವಿ ಮುಗಿಸಿ ಹೊರಡುತ್ತಾರೆ. ಸಂಘದ ಅನುಭವವೆಲ್ಲ ಅವರೊಡನೆ ಹೊರಟುಹೋಗಬಾರದು. ಆದ್ದರಿಂದ ಪದಾಧಿಕಾರಿಗಳ ಆಯ್ಕೆಯನ್ನು ವರ್ಷದ ಕೊನೆಯ ದಿನಕ್ಕೆ ಬಿಡದೆ ಎರಡು ತಿಂಗಳು ಮೊದಲೇ ಮಾಡಿ, ಹೊಸಬರು ಹಳಬರ ಪಕ್ಕದಲ್ಲಿ ಒಂದು ಚಿತ್ರವನ್ನಾದರೂ ಆರಂಭದಿಂದ ಪ್ರದರ್ಶನದವರೆಗೆ ನಡೆಸಬೇಕು. ಇಮೇಲ್, ಕ್ಲೌಡ್ ಮತ್ತು ಯೂಟ್ಯೂಬ್ ಖಾತೆಗಳು ಯಾವ ವ್ಯಕ್ತಿಯ ಹೆಸರಿನಲ್ಲಿಯೂ ಇರದೆ ಸಂಘದ ಹೆಸರಿನಲ್ಲಿಯೇ ಇರಬೇಕು, ಪಾಸ್‌ವರ್ಡ್‌ಗಳ ಮೊಹರು ಮಾಡಿದ ಪ್ರತಿ ಮಾರ್ಗದರ್ಶಿ ಅಧ್ಯಾಪಕರ ಬಳಿ ಇರಬೇಕು. ಪ್ರತಿ ಚಿತ್ರಕ್ಕೂ ಒಂದು ಫೋಲ್ಡರ್ ಮಾಡಿ, ಅದರಲ್ಲಿ ಅಂತಿಮ ಚಿತ್ರ, ಉಪಶೀರ್ಷಿಕೆಯ ಕಡತ, ಚಿತ್ರಕಥೆ, ಸಹಿಯಾದ ಒಪ್ಪಿಗೆ ಪತ್ರಗಳು, ಖರ್ಚಿನ ಲೆಕ್ಕ ಮತ್ತು ಯಾವುದು ಕೈಕೊಟ್ಟಿತು ಎಂಬ ಒಂದು ಪುಟದ ಟಿಪ್ಪಣಿ ಸೇರಿದ ಮೇಲೆಯೇ ಆ ಚಿತ್ರ ಮುಗಿಯಿತೆಂದು ಪರಿಗಣಿಸಿ, ಅದರ ನಿರ್ದೇಶಕರಿಗೆ ಮುಂದಿನ ಚಿತ್ರಕ್ಕೆ ಉಪಕರಣ ಕೊಡಬೇಕು.