ಸಂತ ಜೋಸೆಫರ ಹಬ್ಬವನ್ನು ಮುರಿದ ಬೆಂಚುಗಳೊಂದಿಗೆ ಆಚರಿಸಿದ ಬಗೆ

ನಮ್ಮ ಶಾಲೆಯ ಪಾಲಕ ಸಂತರಾದ, ಯೇಸುವಿನ ಸಾಕುತಂದೆ ಜೋಸೆಫರ ಹಬ್ಬವನ್ನು ವೇದಿಕೆ, ಭಾಷಣ, ಮುಖ್ಯ ಅತಿಥಿ ಇವೊಂದೂ ಇಲ್ಲದೆ ನಡೆಸೋಣ ಎಂದು ಸಿಬ್ಬಂದಿ ಸಭೆಯಲ್ಲಿ ಹೇಳಿದಾಗ ನನ್ನ ಪರವಾಗಿ ನಿಂತವರು ಇಬ್ಬರೋ ಮೂವರೋ. ಕಾರ್ಯಕ್ರಮವಿಲ್ಲದಿದ್ದರೆ ಪೋಷಕರು ಬರುವುದಿಲ್ಲ ಎಂಬುದು ಕೆಲವರ ವಾದವಾಗಿತ್ತು. ಶಾಲೆಯ ಕಥೋಲಿಕ ಗುರುತೇ ಮಸುಕಾಗುತ್ತದೆ ಎಂಬುದು ಹಿರಿಯರ ಆತಂಕವಾಗಿತ್ತು. ಈಗ ನಾಲ್ಕೈದು ವರ್ಷಗಳಿಂದ ಹಬ್ಬ ನಾನು ಹೇಳಿದ ರೀತಿಯಲ್ಲೇ ನಡೆಯುತ್ತಿದೆ, ಅಂದು ಒಪ್ಪದೆ ತಲೆಯಾಡಿಸಿದವರೇ ಇಂದು ಉಸ್ತುವಾರಿಗೆ ತಮ್ಮ ಹೆಸರು ಮೊದಲು ಬರೆಸುತ್ತಾರೆ. ಬೇರೆ ಶಾಲೆಗಳ ಧರ್ಮೋಪದೇಶ ಶಿಕ್ಷಕರು ವಿವರ ಕೇಳುತ್ತಿರುವುದರಿಂದ ಇದನ್ನು ಬರೆಯುತ್ತಿದ್ದೇನೆ.

ಯೇಸುವಿನ ಜೀವನವನ್ನು ಹೇಳುವ ನಾಲ್ಕು ಶುಭಸಂದೇಶಗಳಲ್ಲಿ ಎಲ್ಲಿ ಹುಡುಕಿದರೂ ಜೋಸೆಫರು ಆಡಿದ ಒಂದು ಮಾತೂ ಸಿಗುವುದಿಲ್ಲ. ಅವರು ಏಳುತ್ತಾರೆ, ಹೊರಡುತ್ತಾರೆ, ಹೇಳಿದ್ದನ್ನು ಮಾಡುತ್ತಾರೆ. ಊರಿನವರಿಗೆ ಯೇಸು ‘ಬಡಗಿಯ ಮಗ’ ಎಂದೇ ಪರಿಚಯವೆಂದು ಮತ್ತಾಯನ 13ನೇ ಅಧ್ಯಾಯ ಹೇಳುತ್ತದೆ. ಅಂಥವರ ಹೆಸರಿನಲ್ಲಿ ನಾವು ಎರಡು ಗಂಟೆ ಮೈಕಿನ ಮುಂದೆ ಮಾತನಾಡುತ್ತಿದ್ದೆವು. ವೆಚ್ಚದ ಹೆಚ್ಚುಕಡಿಮೆ ಮುಕ್ಕಾಲು ಪಾಲು ವೇದಿಕೆ, ಧ್ವನಿ, ಬೆಳಕು ಮತ್ತು ಬಾಡಿಗೆ ವೇಷಭೂಷಣಗಳಿಗೆ ಹೋಗುತ್ತಿತ್ತು, ಮರುದಿನಕ್ಕೆ ಅದರಲ್ಲಿ ಏನೂ ಉಳಿಯುತ್ತಿರಲಿಲ್ಲ. ಅದೇ ಹೊತ್ತಿನಲ್ಲಿ ಉಗ್ರಾಣದಲ್ಲಿ ಕಾಲು ಸಡಿಲವಾದ ಬೆಂಚುಗಳು ಅರವತ್ತರಷ್ಟಾದರೂ ಒಂದರ ಮೇಲೊಂದು ಬಿದ್ದಿದ್ದವು. ಮೇಲಿನ ತರಗತಿಗಳ ಮಕ್ಕಳು ಹಬ್ಬಕ್ಕೆ ಮುಂಚಿನ ಎರಡು ವಾರ ಅವುಗಳನ್ನು ದುರಸ್ತಿ ಮಾಡಬೇಕು, ಅರ್ಧದಷ್ಟನ್ನು ಪೀಠೋಪಕರಣಗಳ ಕೊರತೆಯಿರುವ ಶಾಲೆಯೊಂದಕ್ಕೆ ಕೊಡಬೇಕು ಎಂಬುದೇ ನನ್ನ ಯೋಜನೆ.

ಮೊದಲ ವರ್ಷ ಬಹುಪಾಲು ಬೆಂಚುಗಳು ಕೆಲವೇ ವಾರಗಳಲ್ಲಿ ಮತ್ತೆ ಅಲುಗಾಡತೊಡಗಿದವು. ಮಕ್ಕಳು ಉತ್ಸಾಹದಿಂದ ಮೊಳೆ ಹೊಡೆದರು, ಒಣಗಿದ ಮರ ಸೀಳಿತು. ಹಳೆಯ ಅಂಟಿನ ಮೇಲೆಯೇ ಹೊಸ ಅಂಟು ಸುರಿದ ಕೀಲುಗಳು ಒಂದೂ ನಿಲ್ಲಲಿಲ್ಲ. ಅಗ್ಗವೆಂದು ತಂದ ಅಂಟಿಗೆ ಕೊಟ್ಟ ಹಣ ನೀರಿನಲ್ಲಿ ಹೋಯಿತು. ವಾರ್ನಿಷ್ ಒಣಗದೆ, ಅದರ ವಾಸನೆ ಬಲಿಪೂಜೆಯ (ರೊಟ್ಟಿ, ದ್ರಾಕ್ಷಾರಸ ಅರ್ಪಿಸುವ ಕಥೋಲಿಕ ಆರಾಧನೆಯ) ಉದ್ದಕ್ಕೂ ಸಭಾಂಗಣದಲ್ಲಿ ತುಂಬಿತ್ತು. ಮರುವರ್ಷ ವೃತ್ತಿನಿರತ ಬಡಗಿಯೊಬ್ಬರನ್ನು ಸಂಭಾವನೆ ಕೊಟ್ಟು ಕರೆಸಿದೆವು. ಅವರು ಮೊಳೆಯ ಡಬ್ಬಿಯನ್ನೇ ಬೀಗ ಹಾಕಿಟ್ಟರು. ಕೀಲನ್ನು ಪೂರ್ತಿ ಬಿಚ್ಚಿಸಿ, ಹಳೆಯ ಅಂಟನ್ನು ಮರ ಕಾಣುವವರೆಗೆ ಕೆರೆಸಿ, ಹೊಸ ಅಂಟನ್ನು ಎರಡೂ ಬದಿಗೆ ತೆಳುವಾಗಿ ಸವರಿಸಿ, ಕ್ಲ್ಯಾಂಪಿನಲ್ಲಿ ಬಿಗಿಸಿ ರಾತ್ರಿಯಿಡೀ ಹಾಗೆಯೇ ಇರಿಸಿದರು. ಸ್ಕ್ರೂ ತೂತು ದೊಡ್ಡದಾಗಿದ್ದರೆ ಅಂಟು ಹಚ್ಚಿದ ಮರದ ಚಕ್ಕೆಯನ್ನು ಅದರೊಳಗೆ ತುರುಕಿ, ಒಣಗಿದ ಮೇಲೆ ಮತ್ತೆ ತಿರುಗಿಸಿದರೆ ಹಿಡಿತ ಬರುತ್ತದೆ. ಉಜ್ಜುಕಾಗದ ಒರಟಾದ 80ನೇ ಸಂಖ್ಯೆಯಿಂದ ಆರಂಭಿಸಿ 120, ನಯವಾದ 220ಕ್ಕೆ ಹೋಗಬೇಕು. ನೇರವಾಗಿ 220 ಹಿಡಿದ ಮಕ್ಕಳು ಬೆವರು ಸುರಿಸಿದರೇ ಹೊರತು ಹಲಗೆ ನುಣುಪಾಗಲಿಲ್ಲ. ಬಡಗಿಯ ಸಂಭಾವನೆ ಮತ್ತು ಕ್ಲ್ಯಾಂಪುಗಳು ಸೇರಿಯೂ ಒಟ್ಟು ವೆಚ್ಚ ಹಿಂದಿನ ಹಬ್ಬದ ಮೂರನೇ ಒಂದು ಭಾಗವನ್ನು ದಾಟಲಿಲ್ಲ. ಕ್ಲ್ಯಾಂಪುಗಳಂತೂ ಇನ್ನೂ ಹತ್ತು ವರ್ಷ ಬಾಳುತ್ತವೆ.

ಗುರುತು ಮಸುಕಾಗುತ್ತದೆ ಎಂದವರಿಗೆ ಉತ್ತರ ಸಿಕ್ಕಿದ್ದು ಬಲಿಪೂಜೆಯಲ್ಲಿ. ಹಬ್ಬ ಬರುವುದು ಈಸ್ಟರಿಗೆ ಮುಂಚಿನ ಪ್ರಾಯಶ್ಚಿತ್ತದ ಅವಧಿಯಾದ ತಪಸ್ಸುಕಾಲದಲ್ಲಿ, ಆಗ ಸಂಭ್ರಮ ತರವೇ ಎಂಬ ಆಕ್ಷೇಪ ಪ್ರತಿ ವರ್ಷ ಏಳುತ್ತದೆ. ಮಾರ್ಚ್ 19 ಅತ್ಯುನ್ನತ ದರ್ಜೆಯ ಹಬ್ಬ, ಅಂದರೆ ಮಹೋತ್ಸವವಾದ್ದರಿಂದ ಅಂದು ಶ್ವೇತವಸ್ತ್ರವಿದೆ, ಮಹಿಮಾಗೀತೆಯಿದೆ, ಅಲ್ಲೆಲೂಯ ಎಂಬ ಸ್ತುತಿಘೋಷ ಮಾತ್ರ ಇಲ್ಲ. ರೊಟ್ಟಿ ಮತ್ತು ದ್ರಾಕ್ಷಾರಸದ ಹಿಂದೆ ನಾಲ್ವರು ಮಕ್ಕಳು ದುರಸ್ತಿಯಾದ ಒಂದು ಬೆಂಚನ್ನು ಹೊತ್ತು ತಂದರು. ಬಡವರಿಗಾಗಿ ತಂದ ಕಾಣಿಕೆಗೆ ಕಾಣಿಕೆ ಮೆರವಣಿಗೆಯಲ್ಲಿ ಸ್ಥಾನವಿದೆ, ಆದರೆ ಅದನ್ನು ಪೀಠದಿಂದ ದೂರದಲ್ಲೇ ಇರಿಸಬೇಕು. ನಾವು ಪಕ್ಕದ ಗೋಡೆಯ ಬಳಿ ಇಟ್ಟೆವು. 1973ರಲ್ಲಿ ರೋಮ್ ಹೊರಡಿಸಿದ ಮಕ್ಕಳ ಬಲಿಪೂಜೆಯ ಮಾರ್ಗದರ್ಶಿಯು ಪ್ರಬೋಧನೆಯನ್ನು (ಪೂಜೆಯ ನಡುವಿನ ಗುರುಗಳ ಉಪದೇಶವನ್ನು) ಮಕ್ಕಳೊಂದಿಗಿನ ಸಂಭಾಷಣೆಯಾಗಿ ನಡೆಸಲು ಅವಕಾಶ ಕೊಟ್ಟಿರುವುದರಿಂದ, ಫಾದರ್ ಪೀಠದಿಂದ ಇಳಿದು ಬಂದು, ಬೆಂಚಿನಲ್ಲಿ ಯಾರಿಗೂ ಕಾಣದ ಕೆಲಸ ಎಲ್ಲಿದೆ ಎಂದು ಕೇಳಿದರು. ‘ಕೀಲಿನ ಒಳಗೆ’ ಎಂದು ಹಿಂದಿನ ಸಾಲಿನಿಂದ ಉತ್ತರ ಬಂತು. ಉಳಿದ ಪ್ರಬೋಧನೆ ಐದು ನಿಮಿಷದಲ್ಲಿ ಮುಗಿಯಿತು.

ನಮ್ಮಲ್ಲಿ ಕಥೋಲಿಕ ಮಕ್ಕಳು ಸುಮಾರು ಮೂರನೇ ಒಂದು ಭಾಗ. ದುರಸ್ತಿ ಕೆಲಸ ಎಲ್ಲರದ್ದು. ಬಲಿಪೂಜೆಗೆ ಬರುವುದು ಉಳಿದವರ ಮತ್ತು ಅವರ ಮನೆಯವರ ಇಚ್ಛೆ. ಪರಮಪ್ರಸಾದ (ಬಲಿಪೂಜೆಯಲ್ಲಿ ಕೊಡುವ ಪವಿತ್ರ ರೊಟ್ಟಿ) ಸ್ವೀಕರಿಸುವವರು ಯಾರೆಂಬುದನ್ನು ಹಿಂದಿನ ದಿನವೇ ಮೃದುವಾಗಿ ತಿಳಿಸಿಬಿಡುತ್ತೇವೆ. ವಿಶ್ವಾಸವನ್ನು ಯಾರ ಮೇಲೂ ಹೇರಬಾರದೆಂದು ಧರ್ಮಸಭೆಯ ಕಾನೂನೇ ಹೇಳುವಾಗ ಇದರಲ್ಲಿ ಸಂಕೋಚಪಡುವಂಥದ್ದೇನೂ ಇಲ್ಲ. ಬರುವುದಿಲ್ಲ ಎಂದಿದ್ದ ಪೋಷಕರು ಹಿಂದಿಗಿಂತ ಹೆಚ್ಚಾಗಿಯೇ ಬಂದರು, ಏಕೆಂದರೆ ತಮ್ಮ ಮಗು ಕೈಯಾರೆ ಸರಿಪಡಿಸಿದ ಬೆಂಚಿನ ಮೇಲೆ ಕೂರುವ ಆಸೆ ಎಲ್ಲರಿಗೂ ಇತ್ತು.

ನಡುವೆ ಬೇರೆ ಪ್ರಯೋಗಗಳನ್ನೂ ನಡೆಸಿದೆ. ಸಂತರ ವೇಷದ ಮೆರವಣಿಗೆ ಮಾಡಿ ನೋಡಿದೆ: ಉಡುಪಿನ ಸ್ಪರ್ಧೆ ಮನೆಮನೆಗಳ ನಡುವೆ ಶುರುವಾಗಿ, ಹಣವಿದ್ದವರ ಮಕ್ಕಳೇ ಮಿಂಚಿದ್ದರಿಂದ ಕೈಬಿಟ್ಟೆ. ಕೆಲಸಕ್ಕೆ ಮುಂಚೆ ಮೌನ ಪ್ರಾರ್ಥನೆಯ ಪ್ರಯೋಗ ಮಾತ್ರ ಗಟ್ಟಿಯಾಗಿ ನಿಂತಿತು. ಹತ್ತು ನಿಮಿಷ ಇಟ್ಟಾಗ ಕಿರಿಯರು ಪಿಸುಗುಟ್ಟಿ ನಗುತ್ತಿದ್ದರು, ಮೂರು ನಿಮಿಷಕ್ಕೆ ಇಳಿಸಿದ ಮೇಲೆ ಅವರಾಗಿಯೇ ಕೇಳತೊಡಗಿದರು.

ದಿನಾಂಕದ ಬಗ್ಗೆ ಒಂದು ಮಾತು. ತಪಸ್ಸುಕಾಲದ ಭಾನುವಾರ ಮಾರ್ಚ್ 19 ಬಿದ್ದರೆ ಹಬ್ಬ 20ಕ್ಕೆ ಸರಿಯುತ್ತದೆ, 2023ರಲ್ಲಿ ಹಾಗೆಯೇ ಆಯಿತು. 2028ರಲ್ಲೂ ಅದೇ ಆಗಲಿದೆ. ಈಸ್ಟರಿಗೆ ಮುಂಚಿನ ಪವಿತ್ರ ವಾರದೊಳಗೆ ಬಂದರೆ 2008ರಲ್ಲಿ ಆದಂತೆ ಆ ವಾರ ಆರಂಭವಾಗುವ ಗರಿಗಳ ಭಾನುವಾರಕ್ಕೂ ಮುಂಚಿನ ಶನಿವಾರಕ್ಕೆ ಬರುತ್ತದೆ. ಹಬ್ಬದಂದು ನಿಗದಿತ ಪಾಠಗಳು ತಪ್ಪುವಂತಿಲ್ಲ ಎನ್ನುವ ಆಡಳಿತವಿದ್ದರೆ 1955ರಲ್ಲಿ 12ನೇ ಪಯಸ್ ಪೋಪರು ಸ್ಥಾಪಿಸಿದ, ಕಾರ್ಮಿಕ ಜೋಸೆಫರ ಮೇ 1ರ ಸ್ಮರಣೆಯನ್ನು ಬಳಸಿಕೊಳ್ಳಬಹುದು. ಶಾಲೆ ತೆರೆದಿರುವ ಕಡೆಗಳಲ್ಲಿ ಅದು ಬೆಂಚುಗಳಿಗೆ ಇನ್ನೂ ಚೆನ್ನಾಗಿ ಹೊಂದುತ್ತದೆ. ಯಾವ ದಿನವಾದರೂ ವಾರ್ನಿಷ್ ಕೆಲಸ ನಾಲ್ಕು ದಿನ ಮೊದಲೇ ಮುಗಿದಿರಲಿ.