ಕಲ್ಲಿನ ಸಾರಿನಲ್ಲಿ ಮಾಗಡಿ ಅವರೆ: ಹಳೇ ಕಥೆಯನ್ನು ಬೆಂಗಳೂರಿಗೆ ತರುವುದು ಹೇಗೆ?

ಹಸಿದ ದಾರಿಹೋಕನೊಬ್ಬ ಊರಿಗೆ ಬರುತ್ತಾನೆ. ಯಾರೂ ತುತ್ತು ಊಟ ಹಾಕುವುದಿಲ್ಲ. ಪಾತ್ರೆಗೆ ನೀರು ತುಂಬಿ, ಒಂದು ಕಲ್ಲು ಹಾಕಿ ಕುದಿಸುತ್ತಾ ಕೂರುತ್ತಾನೆ. ಇದೇನು ಅಂತ ನೋಡಲು ಬಂದವರಿಂದ ಒಂದೊಂದೇ ಪದಾರ್ಥ ಹೊರಡಿಸಿ, ಕೊನೆಗೆ ಊರಿಗೆಲ್ಲ ಆಗುವಷ್ಟು ಸಾರು ಮಾಡುತ್ತಾನೆ. ಯುರೋಪಿನ ಈ ಕಥೆ ಹೋದಲ್ಲೆಲ್ಲ ವೇಷ ಬದಲಿಸಿದೆ. ಸ್ವೀಡನ್ನಿನಲ್ಲಿ ಕಲ್ಲಿನ ಬದಲು ಮೊಳೆ. ರಷ್ಯಾದಲ್ಲಿ ಸೈನಿಕ ಬೇಯಿಸುವುದು ಕೊಡಲಿಯ ಗಂಜಿ. ಪೋರ್ಚುಗಲ್ಲಿನಲ್ಲಿ ಕಲ್ಲು ತಂದವನು ಸನ್ಯಾಸಿ. ಅಲ್ಲಿನ ಅಲ್ಮೇರಿಂ ಪಟ್ಟಣದ ಹೋಟೆಲುಗಳಲ್ಲಿ ಕಲ್ಲಿನ ಸಾರು ಈಗಲೂ ಸಿಗುತ್ತದೆ. ಅಷ್ಟೆಲ್ಲ ಸುತ್ತಿದ ಕಥೆಯನ್ನು ನಮ್ಮ ಮಕ್ಕಳಿಗಾಗಿ ಬೆಂಗಳೂರಿಗೂ ಕರೆತರಬಹುದು. ಆದರೆ ಕ್ಯಾರೆಟ್ ಇದ್ದ ಕಡೆ ಬಿಸಿಬೇಳೆಬಾತ್ ಅಂತ ಬರೆದುಬಿಟ್ಟರೆ ಕಥೆ ಬೆಂಗಳೂರಿನದಾಗುವುದಿಲ್ಲ.

1. ಬಿಡಬಾರದ್ದನ್ನು ಗುರುತಿಸಿ

ಹಸಿವು, ಕಲ್ಲು, ಒಂದೊಂದಾಗಿ ಬಂದು ಬೀಳುವ ಪದಾರ್ಥ. ಈ ಮೂರು ಇರಲೇಬೇಕು. ಸೈನಿಕ, ಸನ್ಯಾಸಿ, ಹಿಮ ಎಲ್ಲ ಹೋಗಲಿ.

2. ಅಡುಗೆ ಮೊದಲು, ಪಾತ್ರ ಆಮೇಲೆ

ಹೆಚ್ಚಿನವರು ಎಡವುವುದು ಇಲ್ಲೇ. ಮಸಾಲೆದೋಸೆ, ಚಿರೋಟಿ, ಮೈಸೂರುಪಾಕು ಎಲ್ಲವನ್ನೂ ಒಂದೇ ಕಥೆಯೊಳಗೆ ತುರುಕುತ್ತಾರೆ. ಅದು ಕಥೆಯಲ್ಲ, ದರ್ಶಿನಿಯ ಮೆನು ಬೋರ್ಡು. ಚಿರೋಟಿ ಎಷ್ಟೇ ರುಚಿಯಾದರೂ ಕುದಿಯುವ ಪಾತ್ರೆಗೆ ಬೀಳುವ ತಿಂಡಿಯಲ್ಲ. ಒಂದಾದ ಮೇಲೊಂದು ಪದಾರ್ಥ ಸೇರುತ್ತಾ ಹೋಗುವ ಅಡುಗೆ ಬೇಕು. ಅದಕ್ಕೆ ಅವರೆಕಾಳಿನ ಸಾರಿಗಿಂತ ಒಳ್ಳೆಯದು ನನಗೆ ಕಾಣುವುದಿಲ್ಲ.

ಅದನ್ನು ಮಾಡುವ ಕ್ರಮವೇ ಕಥೆಯ ಕ್ರಮ. ಮೊದಲು ಕಾಳು ಬೇಯಬೇಕು. ಆಲೂಗಡ್ಡೆ ಆಮೇಲೆ, ಬೇಗ ಬೇಯುವ ಬದನೆಕಾಯಿ ಅದರ ಹಿಂದೆ. ನಂತರ ತೆಂಗಿನಕಾಯಿ, ಈರುಳ್ಳಿ, ಸಾರಿನ ಪುಡಿ ಸೇರಿಸಿ ರುಬ್ಬಿದ್ದು. ಹುಣಸೆಹುಳಿ, ಉಪ್ಪು. ಎಲ್ಲ ಮುಗಿದ ಮೇಲೆ ಸಾಸಿವೆ, ಬೆಳ್ಳುಳ್ಳಿ, ಕರಿಬೇವಿನ ಒಗ್ಗರಣೆ.

ಈಗ ಇದರಲ್ಲಿ ಜಗಳ ಎಲ್ಲಿದೆ ಹುಡುಕಿ. ಹುಣಸೆಹುಳಿ ಮೊದಲೇ ಬಿದ್ದರೆ ಕಾಳು ಬೇಗ ಬೇಯುವುದಿಲ್ಲ, ಗಟ್ಟಿಯಾಗೇ ಉಳಿಯುತ್ತದೆ. ಅಡುಗೆ ಮಾಡುವವರಿಗೆಲ್ಲ ಗೊತ್ತಿರುವ ವಿಷಯ. ಹಾಗಾದರೆ ಎಲ್ಲರಿಗಿಂತ ಮುಂಚೆ ಓಡಿ ಬರುವ ಆತುರದ ಹುಡುಗನ ಕೈಗೆ ಹುಣಸೆಹಣ್ಣನ್ನೇ ಕೊಡಿ. ನಮ್ಮ ಕಥೆಯಲ್ಲಿ ಕಲ್ಲು ಕುದಿಸುವವಳು ಒಬ್ಬ ಅಜ್ಜಿ.

“ಅಜ್ಜಿ, ನಂದು ಹಾಕಿ, ನಂದು ಹಾಕಿ!”

“ತಡಿಯಪ್ಪ, ನಿನ್ನ ಸರದಿ ಇನ್ನೂ ಬಂದಿಲ್ಲ.”

ಕಾಳು ಹಾಕಿದಾಗ ಕೇಳುತ್ತಾನೆ, ಆಲೂಗಡ್ಡೆ ಹಾಕಿದಾಗ ಕೇಳುತ್ತಾನೆ, ಮುಷ್ಟಿಯಲ್ಲಿ ಹುಣಸೆಹಣ್ಣು ಅಂಟಂಟಾಗುತ್ತದೆ. ಒಂದಿಷ್ಟು ನೆಕ್ಕಿಯೂ ಆಗಿದೆ. ಮಕ್ಕಳು ನಗುವುದು ಈ ಹುಡುಗನನ್ನು ನೋಡಿಯೇ.

3. ಯಾರು, ಎಲ್ಲಿ, ಯಾವಾಗ

ಅವರೆ ಚಳಿಗಾಲದ ಬೆಳೆ. ಬಸವನಗುಡಿಯ ದೊಡ್ಡ ಬಸವಣ್ಣನ ಗುಡಿ ಹತ್ತಿರ ಕಡಲೆಕಾಯಿ ಪರಿಷೆ ನಡೆಯುವುದು ಕಾರ್ತಿಕ ಮಾಸದ ಕೊನೆಯ ಸೋಮವಾರ. ಅವರೆ ಮಾರುಕಟ್ಟೆಗೆ ಬರಲು ಶುರುವಾಗುವುದೂ ಹೆಚ್ಚುಕಡಿಮೆ ಆಗಲೇ. ಹಾಗಾಗಿ ದಾರಿಹೋಕನ ಜಾಗದಲ್ಲಿ ಮಾಗಡಿ ಕಡೆಯ ಅಜ್ಜಿ ಬರಲಿ. ತಂದ ಕಡಲೆಕಾಯಿ ಎಲ್ಲ ಮಾರಿದ್ದಾಳೆ, ಊರಿಗೆ ಹೋಗುವ ಕೊನೇ ಬಸ್ಸು ತಪ್ಪಿದೆ, ದುಡ್ಡಿನ ಗಂಟು ಜನಜಂಗುಳಿಯಲ್ಲಿ ಎಲ್ಲೋ ಬಿದ್ದಿದೆ.

ಒಲೆ ಹೂಡಲು ಹಳೇ ವಠಾರದ ಅಂಗಳ ಸರಿಯಾದ ಜಾಗ. ವಠಾರವನ್ನೇ ನೋಡದ ಮಕ್ಕಳಿಗೆ ಅಪಾರ್ಟ್‌ಮೆಂಟಿನ ಪಾರ್ಕಿಂಗ್ ಆದರೂ ಸರಿ. ಅಲ್ಲಿ ಹೊಗೆ ಎದ್ದರೆ ಸೆಕ್ಯುರಿಟಿಯವರು ಓಡಿ ಬಂದೇ ಬರುತ್ತಾರೆ. ಬರಲಿ, ಅಜ್ಜಿಗೆ ಅವರೇ ಮೊದಲ ಗಿರಾಕಿ.

ಅಕ್ಕಪಕ್ಕದವರನ್ನು ಅವರು ಮಾಡುವ ಕೆಲಸದಿಂದ ಗುರುತಿಸಿ: ಹೂವಿನಮ್ಮ, ಇಸ್ತ್ರಿ ಗಾಡಿಯವರು, ಆಟೋ ಓಡಿಸುವ ಮಾಮ, ಸೊಪ್ಪಿನವಳು. ಒಂದೊಂದು ಭಾಷೆಯವರಿಗೆ ಒಂದೊಂದು ತಿಂಡಿ ಹಂಚಿಬಿಡುವ ಚಾಳಿ ಬೇಡ.

4. ಪಲ್ಲವಿ ಕಟ್ಟಿ

“ಏನಜ್ಜಿ ಮಾಡ್ತಿದ್ದೀರ?”

“ಕಲ್ಲಿನ ಸಾರು ಕಣಪ್ಪ.”

“ಕಲ್ಲು ಬೇಯುತ್ತಾ?”

“ಬೇಯದೆ ಏನು? ಘಮ ಬರ್ತಾ ಇದೆ. ಒಂದ್ ಹಿಡಿ ಅವರೆಕಾಳು ಇದ್ದಿದ್ರೆ...”

ಪ್ರತಿ ಸಲವೂ “ಒಂದ್ ಹಿಡಿ” ಅಂದು ನೀವು ನಿಲ್ಲಿಸಿ. ಉಳಿದದ್ದನ್ನು ಮಕ್ಕಳು ಹೇಳುತ್ತಾರೆ. ನಮ್ಮಲ್ಲಿ ಕಥೆ ಕೇಳುವವರು ಹೂಂಗುಟ್ಟಬೇಕು ಅನ್ನುವ ರೂಢಿಯಿದೆಯಲ್ಲ, ಅದನ್ನು ಬಿಡಬೇಡಿ. “ಹೂಂ” ನಿಂತಿತು ಅಂದರೆ ಒಂದೋ ನಿದ್ದೆ, ಇಲ್ಲವೇ ನಿಮ್ಮ ವರ್ಣನೆ ಉದ್ದವಾಯಿತು. ಆಗ ಎರಡು ಪದಾರ್ಥ ಹಾರಿಸಿ ನೇರ ಒಗ್ಗರಣೆಗೆ ಬನ್ನಿ. ಸಾಸಿವೆ ಚಟಪಟ ಅನ್ನುವ ಸದ್ದನ್ನು ಬಾಯಲ್ಲೇ ಮಾಡಿ; ಅದಕ್ಕೆ ಏಳದ ಮಕ್ಕಳು ಇನ್ಯಾವುದಕ್ಕೂ ಏಳುವುದಿಲ್ಲ, ಮಲಗಲು ಬಿಡಿ.

5. ಕಲ್ಲಿಗೂ ಒಂದು ಕಥೆ ಕೊಡಿ

ಲಾಲ್‌ಬಾಗಿನ ಬಂಡೆ ಸುಮಾರು 300 ಕೋಟಿ ವರ್ಷ ಹಳೆಯದು. “ಇದು ಆ ಬಂಡೆಯ ಮರಿ, ಅಷ್ಟು ವರ್ಷದಿಂದ ಹಸಿದು ಕೂತಿದೆ” ಅಂತ ಅಜ್ಜಿ ಸುಳ್ಳು ಬಿಡಲಿ, ಕಥೆಯಲ್ಲಿ ನಡೆಯುತ್ತದೆ. ಆದರೆ ಬಂಡೆಯ ಚೂರು ಹೆಕ್ಕಿ ತರಬಾರದು, ಅದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಮಕ್ಕಳಿಗೆ ಮೊದಲೇ ಹೇಳಿಡಿ.

ಕೊನೆಯಲ್ಲಿ ಅಜ್ಜಿ ಜನರಿಗೆ ಬುದ್ಧಿವಾದ ಹೇಳುವುದು ಬೇಡ. ಎಲ್ಲರ ತಟ್ಟೆಗೂ ಮುದ್ದೆ ಬೀಳಲಿ, ಸಾರು ಬೀಳಲಿ. ಅವಳು ಕಲ್ಲು ತೊಳೆದು ಚೀಲಕ್ಕೆ ಹಾಕಿಕೊಂಡು ಬೆಳಗಿನ ಬಸ್ಸು ಹತ್ತಲಿ. “ಅಜ್ಜಿ ಮೋಸ ಮಾಡಿದ್ರಾ?” ಅಂತ ಮಗು ಕೇಳಿದರೆ “ನೀನೇ ಹೇಳು” ಅನ್ನಿ.

6. ಮರುದಿನ ಅಡುಗೆಮನೆಯಲ್ಲಿ

ಅದೇ ಸಾರನ್ನು ಮಕ್ಕಳ ಜೊತೆ ಮಾಡಿ. ಕಾಳು ಸುಲಿಯುವುದು, ಕರಿಬೇವು ಬಿಡಿಸುವುದು ಅವರ ಕೆಲಸ. ಒಲೆ, ಒಗ್ಗರಣೆ ನಿಮ್ಮದು. ನಿಜವಾದ ಕಲ್ಲನ್ನು ಕುಕ್ಕರಿಗೆ ಹಾಕಬೇಡಿ, ಪಕ್ಕದಲ್ಲಿ ಇಟ್ಟರೆ ಸಾಕು. ಮೇ ತಿಂಗಳಲ್ಲಿ ಕಥೆ ಹೇಳುವುದಾದರೆ ಅವರೆ, ಪರಿಷೆ ಎರಡನ್ನೂ ಬಿಟ್ಟು ಕಾಳಿನ ಜಾಗಕ್ಕೆ ಹಲಸಿನ ಬೀಜ ತನ್ನಿ. ಆತುರದ ಹುಡುಗನ ಕೈಗೆ ಆಗ ಹುಣಸೆಯ ಬದಲು ಮಾವಿನಕಾಯಿ.