1902ರ ತಂತಿ ಹಿಡಿದು ಬರೆದ ಚಿತ್ರಕಥೆ

ಕಾಲಯಾನದ ಕಥೆ ಬರೆಯಲು ಕೂತವರಿಗೆ ಮೊದಲು ಹುಟ್ಟುವ ಆಸೆ ಎಂದರೆ ನಾಯಕನನ್ನು ದೊಡ್ಡ ದಿನಗಳಿಗೇ ಕಳಿಸುವುದು. 1565ರ ತಾಳಿಕೋಟೆ ಕಾಳಗಕ್ಕೆ, ಇಲ್ಲವೇ 1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆ ಬಿದ್ದ ಮಧ್ಯಾಹ್ನಕ್ಕೆ. ಅಂಥ ಕಥೆಗಳು ನನಗೂ ಇಷ್ಟ. ಆದರೆ ಸೂಪರ್‌ಹೀರೊ ಚಿತ್ರಕ್ಕೆ ಅವು ಒಗ್ಗುವುದಿಲ್ಲ ಎಂದು ನನ್ನ ಗಟ್ಟಿ ಅಭಿಪ್ರಾಯ. ಯುದ್ಧದ ಫಲಿತಾಂಶ ತಿರುಗಿದರೆ ಮುಂದಿನ ಇನ್ನೂರು ವರ್ಷ ಏನು ಬೇಕಾದರೂ ಆಗಬಹುದು. ಏನು ಬೇಕಾದರೂ ಆಗಬಹುದಾದ ಕಡೆ ಪ್ರೇಕ್ಷಕನಿಗೆ ಯಾವುದರ ಬಗ್ಗೆಯೂ ಆತಂಕವಿರುವುದಿಲ್ಲ.

ನಾನು ಹುಡುಕಿದ್ದು ಕೊಂಡಿಗೆ ಕೊಂಡಿ ಬೆಸೆದುಕೊಂಡ ಇತಿಹಾಸವನ್ನು. ಒಂದು ಕೊಂಡಿ ಕಳಚಿದರೆ ಮುಂದೆ ಕಳಚುವುದು ಯಾವುದು ಎಂದು ಚಿತ್ರಮಂದಿರದಲ್ಲಿ ಕೂತವರಿಗೇ ಗೊತ್ತಾಗಬೇಕು. ಅದು ಸಿಕ್ಕಿದ್ದು ಶಿವನಸಮುದ್ರದಲ್ಲಿ.

1902ರ ಜೂನ್ 30ರಂದು ಶಿವನಸಮುದ್ರದ ಬ್ಲಫ್ ವಿದ್ಯುದಾಗಾರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿಯಿತು. ನಡುವಿನ ತಂತಿ ಸುಮಾರು 147 ಕಿಲೋಮೀಟರ್. ಅಷ್ಟು ದೂರ ವಿದ್ಯುತ್ ಸಾಗಿಸುವುದು ಆಗಿನ ಜಗತ್ತಿಗೇ ದೊಡ್ಡ ಸಾಹಸವಾಗಿತ್ತು. ಮೂರು ವರ್ಷಗಳ ನಂತರ, 1905ರಲ್ಲಿ, ಬೆಂಗಳೂರಿನ ಬೀದಿಗಳಿಗೆ ವಿದ್ಯುತ್ ದೀಪ ಬಂತು. ಗಣಿಯ ಬೇಡಿಕೆ ಏರುತ್ತಾ ಹೋಯಿತು, ಬೇಸಿಗೆಯಲ್ಲಿ ನದಿ ಇಳಿಯುತ್ತಿತ್ತು. ವರ್ಷವಿಡೀ ಶಿವನಸಮುದ್ರಕ್ಕೆ ನೀರು ಒದಗಿಸುವುದು ಕನ್ನಂಬಾಡಿ (ಕೃಷ್ಣರಾಜಸಾಗರ) ಅಣೆಕಟ್ಟಿನ ಮುಖ್ಯ ಉದ್ದೇಶಗಳಲ್ಲೊಂದಾಯಿತು. 1911ರಲ್ಲಿ ಆ ಕೆಲಸ ಶುರುವಾಯಿತು. ಅಣೆಕಟ್ಟು ಬಂದ ಮೇಲೆ ನಾಲೆ ಬಂತು, ನಾಲೆಯ ಹಿಂದೆ ಕಬ್ಬು, ಕಬ್ಬಿನ ಹಿಂದೆ 1933ರಲ್ಲಿ ಸಕ್ಕರೆ ಕಾರ್ಖಾನೆ, 1939ರಲ್ಲಿ ಮೈಸೂರಿನಿಂದ ಬೇರೆಯಾದ ಮಂಡ್ಯ ಜಿಲ್ಲೆ. ಈ ಸಾಲನ್ನು ಒಂದು ಹಾಳೆಯಲ್ಲಿ ಬರೆದುಕೊಂಡಾಗ ನನ್ನ ಚಿತ್ರದ ಬೆನ್ನೆಲುಬು ತಯಾರಾಯಿತು. 1902ರ ಆ ದಿನ ತಂತಿ ಕೈಕೊಟ್ಟಿದ್ದರೆ ಉಳಿದದ್ದೆಲ್ಲ ನಿಂತೇ ಹೋಗುತ್ತಿತ್ತೇ? ಇತಿಹಾಸಕಾರರು ಹಾಗೆ ಹೇಳಲಾರರು. ಚಿತ್ರಕಥೆಗೆ ಅಷ್ಟು ಊಹಿಸುವ ಹಕ್ಕಿದೆ ಎಂದುಕೊಂಡು ಮುಂದುವರಿದೆ.

ನಾಯಕಿಯ ಹೆಸರು ಗಿರಿಜಾ. ಮಳವಳ್ಳಿ ತಾಲ್ಲೂಕಿನವಳು, ಲೈನ್‌ಮನ್ ಕೆಲಸ. ಅಪ್ಪನೂ ಅದೇ ಕೆಲಸದಲ್ಲಿದ್ದು ಕಂಬದ ಮೇಲೆಯೇ ತೀರಿಕೊಂಡವನು. ಅನುಕಂಪದ ಆಧಾರದ ಮೇಲೆ ಆ ನೌಕರಿ ಮಗಳಿಗೆ ಬಂದಿದೆ. ಈ ಕೆಲಸದಲ್ಲಿರುವವರಿಗೆ ಎಲ್‌ಸಿ ಎಂಬ ಎರಡು ಅಕ್ಷರ ಉಸಿರಿನಷ್ಟೇ ಮುಖ್ಯ. ಕಂಬ ಹತ್ತುವ ಮುಂಚೆ ಸಬ್‌ಸ್ಟೇಷನ್‌ನಿಂದ ಲೈನ್ ಕ್ಲಿಯರ್ ತೆಗೆದುಕೊಳ್ಳಬೇಕು. ಅಲ್ಲಿ ಲೈನ್ ಆಫ್ ಮಾಡುತ್ತಾರೆ, ಇಲ್ಲಿ ತಂತಿಗೆ ಅರ್ಥಿಂಗ್ ಹಾಕುತ್ತಾರೆ. ಎಲ್‌ಸಿ ಯಾರ ಹೆಸರಿನಲ್ಲಿದೆಯೋ ಅವರೇ ಅದನ್ನು ಹಿಂದಿರುಗಿಸಬೇಕು. ಅಲ್ಲಿಯವರೆಗೆ ಮತ್ತೆ ಚಾರ್ಜ್ ಮಾಡುವಂತಿಲ್ಲ. ಗಿರಿಜಾಳ ಅಪ್ಪ ಸತ್ತದ್ದು ಯಾರೋ ಅವಸರಪಟ್ಟು ಚಾರ್ಜ್ ಮಾಡಿದ್ದರಿಂದ.

ಅವಳ ಶಕ್ತಿಯ ನಿಯಮಗಳನ್ನು ನಾನು ಇದೇ ಕೆಲಸದ ಒಳಗಿನಿಂದ ತೆಗೆದೆ. ಹಳೆಯ ಕೋಲಾರ ಮಾರ್ಗದ ತಂತಿಯನ್ನು ಅವಳು ಹಿಡಿದಾಗ, ಆ ತಂತಿಯಲ್ಲಿ ವಿದ್ಯುತ್ ಇಲ್ಲದಿದ್ದರೆ, ಅದು ಇದ್ದ ಯಾವ ವರ್ಷಕ್ಕೆ ಬೇಕಾದರೂ ಅವಳು ಹೋಗಬಲ್ಲಳು. ಆ ಮಾರ್ಗ ಬಿಟ್ಟು ಬೇರೆಲ್ಲಿಗೂ ಇಲ್ಲ, 1902ರ ಜೂನ್ 30ಕ್ಕಿಂತ ಹಿಂದಕ್ಕೂ ಇಲ್ಲ. ಅವಳು ಆ ಕಡೆ ಇರುವಾಗ ಈ ಕಡೆ ಲೈನ್ ಚಾರ್ಜ್ ಆದರೆ ಅವಳು ಸತ್ತಂತೆಯೇ. ಹಾಗಾಗಿ ಪ್ರತಿ ಪಯಣಕ್ಕೂ ಎಲ್‌ಸಿ ಬೇಕು, ಸಬ್‌ಸ್ಟೇಷನ್‌ನಲ್ಲಿ ನಂಬಿಕಸ್ಥ ಆಪರೇಟರ್ ಬೇಕು. “ಎಲ್‌ಸಿ ನನ್ನ ಹೆಸರಿನಲ್ಲಿದೆ ನಂಜಪ್ಪಣ್ಣ. ನಾನೇ ಬಂದು ಹೇಳುವವರೆಗೆ ಯಾರು ಬೈದರೂ ಚಾರ್ಜ್ ಮಾಡಬೇಡಿ” ಎಂದು ಅವಳು ಹೇಳಿ ಹೋಗುತ್ತಾಳೆ. ಅವಳು 1905ರ ಬೆಂಗಳೂರಿನಲ್ಲಿ ಓಡುತ್ತಿರುವಾಗ ನಂಜಪ್ಪನ ಫೋನ್ ಬಡಿದುಕೊಳ್ಳುತ್ತಿರುತ್ತದೆ. ತ್ರೀ ಫೇಸ್ ಕೊಡುವ ಹೊತ್ತು ಮೀರಿದೆ, ಪಂಪ್‌ಸೆಟ್ ನಿಂತಿದೆ, ಕಬ್ಬು ಒಣಗುತ್ತಿದೆ, ರೈತರು ಸಬ್‌ಸ್ಟೇಷನ್ ಮುಂದೆ ಸೇರುತ್ತಿದ್ದಾರೆ. ಅವರ ಸಿಟ್ಟು ನ್ಯಾಯವಾದದ್ದು. ಗಡಿಯಾರದ ಮುಳ್ಳು ತೋರಿಸುವುದಕ್ಕಿಂತ ಈ ಗುಂಪು ಬೆಳೆಯುವುದನ್ನು ತೋರಿಸಿದರೆ ನಮ್ಮ ಊರಿನ ಪ್ರೇಕ್ಷಕನ ಎದೆ ಹೆಚ್ಚು ಹೊಡೆದುಕೊಳ್ಳುತ್ತದೆ.

ಶಕ್ತಿಗೆ ಮಿತಿ ಹಾಕುವಾಗ ಅದು ಪಾತ್ರದ ಅತಿ ದೊಡ್ಡ ಆಸೆಗೇ ಅಡ್ಡ ಬರುವಂತಿರಬೇಕು. ಗಿರಿಜಾಳ ಅಪ್ಪ ಸತ್ತ ಕಂಬ ಹಳೆಯ ಮಾರ್ಗದಲ್ಲಿಲ್ಲ. ಅದು ಅವಳ ಊರಿನ ಸಾಮಾನ್ಯ ಫೀಡರ್‌ನ, ಅಂದರೆ ಊರಿಗೆ ವಿದ್ಯುತ್ ತರುವ ಮಾರ್ಗದ ಕಂಬ, ಅವಳ ಮನೆ ಬಾಗಿಲಿನಿಂದ ಕಾಣುತ್ತದೆ. ಜಗತ್ತನ್ನು ಉಳಿಸಬಲ್ಲ ಹುಡುಗಿ ಅಲ್ಲಿಗೆ ಮಾತ್ರ ಹೋಗಲಾರಳು. ಆ ಮಿತಿಯೇ ಇನ್ನೊಂದು ಕಡೆ ಸಣ್ಣದಾಗಿ ನೋಯಿಸುತ್ತದೆ. ಈ ಯೋಜನೆಗೆ ಬೆನ್ನೆಲುಬಾಗಿ ನಿಂತ ದಿವಾನ ಶೇಷಾದ್ರಿ ಅಯ್ಯರ್ 1901ರಲ್ಲಿಯೇ ತೀರಿಕೊಂಡರು, ತಂತಿಯಲ್ಲಿ ವಿದ್ಯುತ್ ಹರಿದದ್ದನ್ನು ಅವರು ಕಾಣಲಿಲ್ಲ. ಅವರಿಗೆ ಹೋಗಿ ಹೇಳಿ ಬರಬೇಕು ಎಂದು ಗಿರಿಜಾಗೆ ಅನಿಸುತ್ತದೆ. ಆದರೆ ತಂತಿ ಅಷ್ಟು ಹಿಂದಕ್ಕೆ ಹೋಗುವುದಿಲ್ಲ.

ಕಾಲದ ಸಿದ್ಧಾಂತಗಳ ವಿಷಯಕ್ಕೆ ಹೆಚ್ಚು ಹೊತ್ತು ಕೊಡಲಿಲ್ಲ. ಕಾಲದಲ್ಲಿ ಸುತ್ತಿ ಹಿಂದಿರುಗುವ ದಾರಿಗಳಿರಬಹುದಾದ ವಿಶ್ವವೊಂದನ್ನು 1949ರಲ್ಲಿ ತರ್ಕಶಾಸ್ತ್ರಜ್ಞ ಗ್ಯೋಡೆಲ್ ಗಣಿತದಲ್ಲಿ ತೋರಿಸಿದರು. 1957ರಲ್ಲಿ ಭೌತವಿಜ್ಞಾನಿ ಎವರೆಟ್ ಮುಂದಿಟ್ಟ ವಿಚಾರದಿಂದ ಕವಲೊಡೆಯುವ ಅನೇಕ ಜಗತ್ತುಗಳ ಕಲ್ಪನೆ ಬೆಳೆಯಿತು. ಕವಲು ಜಗತ್ತುಗಳನ್ನು ನಾನು ಬೇಕೆಂದೇ ಬಿಟ್ಟೆ. ಒಂದು ಕವಲಿನಲ್ಲಿ ಸತ್ತವರು ಇನ್ನೊಂದರಲ್ಲಿ ಬದುಕಿದ್ದಾರೆ ಎಂದಾದರೆ ಯಾರ ಸಾವಿಗೂ ತೂಕ ಉಳಿಯುವುದಿಲ್ಲ. ನನ್ನ ಚಿತ್ರದಲ್ಲಿ ಇರುವುದು ಒಂದೇ ಕಾಲ, ಅದು ಅಳಿಸಿ ಮತ್ತೆ ಬರೆಯಲ್ಪಡುತ್ತದೆ. ಆದರೆ ಒಮ್ಮೆಲೇ ಅಲ್ಲ. ಘಟನೆಗಳು ನಡೆದ ವರ್ಷಗಳ ಅನುಕ್ರಮದಲ್ಲಿಯೇ ಇಂದಿನ ಜಗತ್ತಿನಿಂದ ಅವು ಮಾಯವಾಗುತ್ತಾ ಬರುತ್ತವೆ.

ಇದರಿಂದ ನನಗೆ ಆದ ಅನುಕೂಲ ಬಹಳ. ಖಳನಾಯಕ 1902ರ ತಂತಿಯನ್ನು ಕೆಡಿಸಿದೊಡನೆ ಮೊದಲು ಕೆಜಿಎಫ್ ಕರಗುತ್ತದೆ. ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕಿಳಿದ ಗಣಿ ಅಷ್ಟು ಆಳಕ್ಕೆ ಹೋಗಿಯೇ ಇರುವುದಿಲ್ಲ. ಆ ಗಣಿಯ ಪ್ರಯೋಗಶಾಲೆಯಲ್ಲಿ 1965ರಲ್ಲಿ ವಾತಾವರಣದ ನ್ಯೂಟ್ರಿನೊ ಎಂಬ ಅತಿ ಸೂಕ್ಷ್ಮ ಕಣಗಳ ಗುರುತು ಸಿಕ್ಕಿತ್ತು; ಒಬ್ಬ ನಿವೃತ್ತ ಪ್ರಾಧ್ಯಾಪಕರು ತರಗತಿಯಲ್ಲಿ ಅದನ್ನು ವಿವರಿಸುತ್ತಿರುವಾಗಲೇ ಕಪ್ಪುಹಲಗೆಯ ಮೇಲಿನ ‘ಕೋಲಾರ’ ಎಂಬ ಪದ ಅಳಿಸುತ್ತದೆ, ಅವರ ಮಾತು ಬೇರೆ ದೇಶದ ಗಣಿಯ ಕಡೆಗೆ ತಡೆಯಿಲ್ಲದೆ ಹೊರಳುತ್ತದೆ. ಅವರಿಗೆ ಏನೂ ಗೊತ್ತಾಗುವುದಿಲ್ಲ. ಆಮೇಲೆ ಬೆಂಗಳೂರಿನ ದೀಪಗಳು ಆರುತ್ತವೆ, ಒಂದು ಕ್ಷಣದ ನಂತರ ಬೇರೆಯದೇ ಆಕಾರದ ಕಂಬಗಳ ಮೇಲೆ ಹೊತ್ತಿಕೊಳ್ಳುತ್ತವೆ, ಏಕೆಂದರೆ ನಗರಕ್ಕೆ ತಡವಾಗಿಯಾದರೂ ಇನ್ನೊಂದು ದಾರಿಯಲ್ಲಿ ವಿದ್ಯುತ್ ಬಂದೇ ಬರುತ್ತಿತ್ತು. ಇಷ್ಟು ಹೊತ್ತಿಗೆ ಪ್ರೇಕ್ಷಕನಿಗೆ ಲೆಕ್ಕ ಸಿಕ್ಕಿರುತ್ತದೆ. ಮುಂದಿನದು 1911. ಮುಂದಿನದು ಕನ್ನಂಬಾಡಿ ಕಟ್ಟೆ.

ಬದಲಾದ ಮಂಡ್ಯವನ್ನು ಬರೆಯುವಾಗ ನಾನು ಅತಿ ಹೆಚ್ಚು ಪುಟಗಳನ್ನು ಹರಿದು ಹಾಕಿದೆ. ಬಂಜರು ಭೂಮಿ, ಅಸ್ಥಿಪಂಜರ, ಕೆಂಪು ಆಕಾಶ ಬರೆಯುವುದು ಸುಲಭ. ಮಳೆಯನ್ನೇ ನಂಬಿದ ಸೀಮೆ ಹಾಗಿರುವುದಿಲ್ಲ. ಗಿರಿಜಾ ಮದ್ದೂರಿನಲ್ಲಿ ಬಸ್ ಹತ್ತುತ್ತಾಳೆ. ಕಿಟಕಿಯಾಚೆ ರಾಗಿ ಹೊಲ, ಹುರುಳಿ, ದೂರ ದೂರಕ್ಕೊಂದು ಮನೆ. ಅವಳಿಗೆ ಮೊದಲು ತಟ್ಟುವುದು ಕಣ್ಣಿಗೆ ಕಂಡದ್ದಲ್ಲ, ಮೂಗಿಗೆ ಸಿಗದೆ ಹೋದದ್ದು: ಆಲೆಮನೆಯ ವಾಸನೆ. ಬೆಲ್ಲ ಕುದಿಯುವ ಆ ಬಿಸಿ ಸಿಹಿ ಗಾಳಿ ಇಲ್ಲದ ಮಂಡ್ಯದ ರಸ್ತೆಯನ್ನು ಅವಳು ಕಂಡೇ ಇಲ್ಲ. ನಂತರ ವಾಹನಗಳ ನಂಬರ್ ಪ್ಲೇಟ್ ಗಮನಿಸುತ್ತಾಳೆ. ಮೈಸೂರಿನ ಕೆಎ 09 ಇದೆ, ಮಂಡ್ಯದ ಕೆಎ 11 ಒಂದೂ ಇಲ್ಲ. ಬಸ್ಸಿನ ಫಲಕದಲ್ಲಿ ‘ಮೈಸೂರು ಜಿಲ್ಲೆ’ ಎಂದಿದೆ. ಈ ದೃಶ್ಯದಲ್ಲಿ ಒಂದೂ ಮಾತಿಲ್ಲ. ಮಂಡ್ಯದವರಾದ ನನ್ನ ಗೆಳೆಯರೊಬ್ಬರಿಗೆ ಓದಿ ಹೇಳಿದಾಗ, ಕೆಎ 11 ಇಲ್ಲ ಎಂಬಲ್ಲಿಗೆ ಬಂದೊಡನೆ ಅವರು ಓದುವುದನ್ನು ನಿಲ್ಲಿಸಲು ಹೇಳಿ ಎದ್ದು ಹೊರಗೆ ಹೋದರು. ಆ ಪುಟವನ್ನು ಆಮೇಲೆ ನಾನು ಮುಟ್ಟಿಲ್ಲ.

ಈಗ ಖಳನಾಯಕ. ಅವನ ಹೆಸರು ವೇಣುಗೋಪಾಲ. ಕನ್ನಂಬಾಡಿಯ ದೇವರ ಹೆಸರು. ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿದ ಊರುಗಳಲ್ಲಿ ಕನ್ನಂಬಾಡಿಯೂ ಒಂದು. ಅಲ್ಲಿನ ವೇಣುಗೋಪಾಲಸ್ವಾಮಿ ದೇವಾಲಯ ದಶಕಗಳ ಕಾಲ ನೀರಿನಡಿಯಲ್ಲಿತ್ತು, ಬರ ಬಂದ ವರ್ಷಗಳಲ್ಲಿ ಮಾತ್ರ ಮೇಲೆ ಕಾಣಿಸುತ್ತಿತ್ತು. ಈಗ ಅದನ್ನು ಎತ್ತರದ ಜಾಗದಲ್ಲಿ ಮತ್ತೆ ಕಟ್ಟಿದ್ದಾರೆ. ವೇಣುಗೋಪಾಲನ ಮನೆತನ ಅಲ್ಲಿಂದ ಎದ್ದು ಬಂದದ್ದು. ಅವನಿಗೂ ತಂತಿಯ ಗುಟ್ಟು ಗೊತ್ತು. 1902ರ ಆ ದಿನ ಅವನು ಬಾಂಬು ಇಡುವುದಿಲ್ಲ, ಯಾರನ್ನೂ ಕೊಲ್ಲುವುದಿಲ್ಲ. ಸಣ್ಣ ಸುತ್ತಿಗೆಯಿಂದ ತಂತಿಯ ವಿದ್ಯುತ್ ಕಂಬಕ್ಕೆ ಹರಿಯದಂತೆ ತಡೆಯುವ ಪಿಂಗಾಣಿ ಇನ್ಸುಲೇಟರುಗಳಿಗೆ ಮೆಲ್ಲಗೆ ಬಡಿಯುತ್ತಾನೆ. ಕೂದಲೆಳೆಯಷ್ಟು ಬಿರುಕು. ಒಣ ಹವೆಯಲ್ಲಿ ಯಾರ ಗಮನಕ್ಕೂ ಬರುವುದಿಲ್ಲ. ಮುಂಗಾರಿನ ನೀರು ಅದರೊಳಗೆ ಇಳಿದಾಗ ವಿದ್ಯುತ್ ಸೋರುತ್ತದೆ, ಲೈನ್ ಪದೇ ಪದೇ ಬೀಳುತ್ತದೆ, ಗಣಿಯ ಕಂಪನಿ ತನ್ನ ಹಳೆಯ ಉಗಿಯಂತ್ರಗಳಿಗೆ ಹಿಂದಿರುಗುತ್ತದೆ. ಒಬ್ಬ ಮನುಷ್ಯ, ಒಂದು ಸುತ್ತಿಗೆ, ಒಂದು ಮಳೆಗಾಲ.

ಅವನ ಜಗತ್ತಿನಲ್ಲಿ ಕನ್ನಂಬಾಡಿ ಬದುಕಿದೆ. ಗಿರಿಜಾ ಅವನನ್ನು ಹುಡುಕಿಕೊಂಡು ಅಲ್ಲಿಗೆ ಹೋಗುವ ಭಾಗವೇ ನನ್ನ ಚಿತ್ರಕಥೆಯ ಹೃದಯ. ದೇವಸ್ಥಾನದ ಬೀದಿ, ಜಗಲಿ ಕಟ್ಟೆ, ಬಾಗಿಲಲ್ಲಿ ರಂಗೋಲಿ. ವೇಣುಗೋಪಾಲನ ತಾಯಿ ಅವಳನ್ನು ಯಾರು ಏನು ಎಂದು ಕೇಳುವ ಮೊದಲು “ಬಿಸಿಲಲ್ಲಿ ಬಂದಿದ್ದೀಯ ತಾಯಿ, ಕೈಕಾಲು ತೊಳೆದುಕೊಂಡು ಕೂತುಕೋ” ಎಂದು ಮುದ್ದೆ ಬಡಿಸುತ್ತಾಳೆ. ಬದಲಾದ ಕಾಲ ಎಂದರೆ ಕೆಟ್ಟ ಕಾಲ ಎಂದೇ ತೋರಿಸುವುದು ಅಪ್ರಾಮಾಣಿಕ. ಅಲ್ಲಿ ಯಾರಾದರೂ ಸುಖವಾಗಿರಬೇಕು, ನಾಯಕಿ ಅವರ ಮನೆಯಲ್ಲಿ ಉಣ್ಣಬೇಕು, ತಾನು ಗೆದ್ದರೆ ಈ ಮನೆ ನೀರಿನಡಿಗೆ ಹೋಗುತ್ತದೆ ಎಂದು ತಿಳಿದೇ ತುತ್ತು ನುಂಗಬೇಕು. ಕೆಜಿಎಫ್‌ನ ವಿಷಯದಲ್ಲೂ ಹಾಗೆಯೇ. ಆಳದ ಗಣಿ ಇಲ್ಲದಿದ್ದರೆ ಬಂಡೆ ಸಿಡಿದು ಸತ್ತವರು, ಸಿಲಿಕಾ ದೂಳಿಗೆ ಶ್ವಾಸಕೋಶ ಕಳೆದುಕೊಂಡವರು ಬದುಕಿರುತ್ತಿದ್ದರು. ಇದನ್ನೂ ಒಬ್ಬ ಗಣಿ ಕಾರ್ಮಿಕನ ಹೆಂಡತಿಯ ಬಾಯಲ್ಲಿ ಹೇಳಿಸಿದ್ದೇನೆ.

ಕಥೆಗೆ ಇತಿಹಾಸವೇ ಕೊಟ್ಟ ಒಂದು ಕಾಣಿಕೆಯಿದೆ. ಕೃಷ್ಣರಾಜಸಾಗರದ ಕೆಲಸ ನಡೆಯುವಾಗ ಪರ್ಷಿಯನ್ ಲಿಪಿಯ ಒಂದು ಶಾಸನ ಸಿಕ್ಕಿತು, ಅದನ್ನು ಅಣೆಕಟ್ಟಿನ ಬಳಿ ಈಗಲೂ ನೋಡಬಹುದು. 1794ರ ಸುಮಾರಿಗೆ ಟಿಪ್ಪು ಸುಲ್ತಾನ್ ಅಲ್ಲಿಯೇ ಒಂದು ಅಣೆಕಟ್ಟಿಗೆ ಅಡಿಗಲ್ಲು ಹಾಕಿದ್ದನ್ನು, ಆ ನೀರಿನಿಂದ ಹೊಸದಾಗಿ ಸಾಗುವಳಿ ಮಾಡುವವರಿಗೆ ಕಂದಾಯದಲ್ಲಿ ರಿಯಾಯಿತಿ ಕೊಡುವುದನ್ನು ಅದು ಹೇಳುತ್ತದೆ. ನಡೆಯದೆ ಉಳಿದ ಕಾಲವೊಂದರ ಕುರುಹು ಕಲ್ಲಿನಲ್ಲಿಯೇ ಇದೆ! ವೇಣುಗೋಪಾಲನ ಜಗತ್ತಿನಲ್ಲಿ ಯಾರೂ ಅಗೆದಿಲ್ಲವಾದ್ದರಿಂದ ಕಲ್ಲು ಇನ್ನೂ ಮಣ್ಣಿನಲ್ಲಿದೆ. ಗಿರಿಜಾಗೆ ಮಾತ್ರ ಅದರ ಜಾಗ ಗೊತ್ತು. ಅವಳು ಅವನ ಕಣ್ಣೆದುರೇ ಅಗೆದು ತೆಗೆಯುತ್ತಾಳೆ. ನೀನು ಒಬ್ಬ ಇಂಜಿನಿಯರನ್ನು ತಡೆದೆ, ಈ ಜಾಗದ ಮೇಲೆ ಕಣ್ಣಿಟ್ಟವರಲ್ಲಿ ಅವರು ಮೊದಲಿಗರೂ ಅಲ್ಲ ಕೊನೆಯವರೂ ಅಲ್ಲ ಎನ್ನುತ್ತಾಳೆ. ವಾದದಲ್ಲಿ ಅವಳು ಗೆಲ್ಲುತ್ತಾಳೆ. ಅವನ ಮನಸ್ಸು ಕರಗುವುದಿಲ್ಲ. ವಾದ ಸೋತೊಡನೆ ಮನಸ್ಸು ಬದಲಿಸುವ ಖಳನಾಯಕರನ್ನು ನಾನು ನಂಬುವುದಿಲ್ಲ.

ಕೊನೆಯ ಹೋರಾಟ 1902ರ ಜೂನ್ 30ರಂದು, ಬ್ಲಫ್ ಹತ್ತಿರದ ಕಂಬದ ಮೇಲೆ, ಮಳೆಯಲ್ಲಿ. ಗಿರಿಜಾ ಮಾಡಬೇಕಾದದ್ದು ಅವಳ ದಿನನಿತ್ಯದ ಕೆಲಸ: ಒಡೆದ ಇನ್ಸುಲೇಟರ್ ಬದಲಾಯಿಸುವುದು. ಸೊಂಟದ ಬೆಲ್ಟು, ರಬ್ಬರ್ ಗ್ಲೌಸು, ಸ್ಪ್ಯಾನರ್, ಇವೇ ಅವಳ ಸೂಪರ್‌ಹೀರೊ ವೇಷ. ಆದರೆ ಅಂದು ವಿದ್ಯುದಾಗಾರದಲ್ಲಿ ಅವಳ ಹೆಸರಿನ ಎಲ್‌ಸಿ ಇಲ್ಲ, ಕೊಡುವವರೂ ಇಲ್ಲ. ಒಳಗೆ ಲೈನ್ ಚಾರ್ಜ್ ಮಾಡುವ ಸಿದ್ಧತೆ ನಡೆಯುತ್ತಿದೆ. ಅಪ್ಪ ಸತ್ತ ರೀತಿಯಲ್ಲೇ ಅವಳೂ ಸಾಯಬಹುದು. ಎಲ್‌ಸಿ ಎಂದರೇನೆಂದು ತಿಳಿದ ಇನ್ನೊಬ್ಬ ಮನುಷ್ಯ ಆ ಕಾಲದಲ್ಲಿ ಒಬ್ಬನೇ. ಅವಳು ಅವನನ್ನೇ ಕೇಳುತ್ತಾಳೆ: “ಸ್ವಿಚ್ ಹತ್ತಿರ ನಿಂತುಕೊಳ್ಳಿ. ನಾನು ಇಳಿದೆ ಎಂದು ಹೇಳುವವರೆಗೆ ಯಾರಿಗೂ ಬಿಡಬೇಡಿ.”

ಅವನು ಯಾಕೆ ಒಪ್ಪಬೇಕು? ಈ ಪ್ರಶ್ನೆಗೆ ಉತ್ತರ ಸಿಗುವವರೆಗೆ ನಾನು ಕೊನೆಯ ಭಾಗವನ್ನು ಬರೆಯಲು ಕೈಹಾಕಲಿಲ್ಲ. ಪಶ್ಚಾತ್ತಾಪ, ಪ್ರೀತಿ, ಊರಿನ ಒಳಿತು, ಎಲ್ಲವನ್ನೂ ತೂಗಿ ನೋಡಿ ಬದಿಗಿಟ್ಟೆ. ಕಡೆಗೆ ಉತ್ತರ ಊಟದ ದೃಶ್ಯದಲ್ಲೇ ಇತ್ತು. ಕನ್ನಂಬಾಡಿ ಇನ್ನೂ ಊರಾಗಿರುವುದನ್ನು ಕಂಡು ಬಂದು ನೆನಪಿಟ್ಟುಕೊಳ್ಳಬಲ್ಲವರು ಇಬ್ಬರೇ, ಅವನು ಮತ್ತು ಗಿರಿಜಾ. ಅವಳು ಸತ್ತರೆ ಅವನ ತಾಯಿಯ ಕೈ ಊಟದ ರುಚಿ ಬಲ್ಲ ಇನ್ನೊಂದು ಜೀವ ಭೂಮಿಯ ಮೇಲಿರುವುದಿಲ್ಲ. ಅವನು ಸ್ವಿಚ್ ಬಳಿ ನಿಲ್ಲುತ್ತಾನೆ, ಅವಳು ಇಳಿಯುವವರೆಗೂ ಕದಲುವುದಿಲ್ಲ. ನಂತರ ತಂತಿಯಲ್ಲಿ ವಿದ್ಯುತ್ ಹರಿಯುತ್ತದೆ, ಅವನ ಊರು ಮತ್ತೆ ಅಳಿಯಲು ಶುರುವಾಗುತ್ತದೆ, 1911ಕ್ಕೆ ಬಂದು ಮುಟ್ಟುವ ಮೊದಲು ಅವರಿಬ್ಬರಿಗೂ ಸ್ವಲ್ಪ ಹೊತ್ತಿದೆ. ಆ ಹೊತ್ತಿನಲ್ಲಿ ಅವನು ಬೀದಿ ಬೀದಿಯಾಗಿ ಮನೆಗಳ ಹೆಸರು ಹೇಳುತ್ತಾನೆ, ಅವಳು ತನ್ನ ಡ್ಯೂಟಿ ಪುಸ್ತಕದಲ್ಲಿ ಬರೆದುಕೊಳ್ಳುತ್ತಾಳೆ. ಈಗ ಈ ಭಾಗದ ಚೌಕಟ್ಟುಗಳನ್ನು ಚಿತ್ರಕಲಾವಿದರೊಬ್ಬರ ಜೊತೆ ಕೂತು ಬರೆಸುತ್ತಿದ್ದೇನೆ. ಮನೆಗಳ ಹೆಸರುಗಳಿಗಾಗಿ ಹೊಸ ಕನ್ನಂಬಾಡಿಯ ಹಿರಿಯರನ್ನು ಕಾಣುವುದು ಮುಂದಿನ ಕೆಲಸ.